ಸಹಾಯಕ್ಕೆ ಬಂದ ಸೇನೆ, ಕೈತಪ್ಪಿದ ನೆಲ: ಆದೋನಿಯ ಇತಿಹಾಸದಿಂದ ಒಂದು ಪಾಠ



2025ರ ಫೆಬ್ರವರಿ 28ರಂದು ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಅಮೆರಿಕದ ಶ್ವೇತಭವನದಲ್ಲಿ ಅಧ್ಯಕ್ಷ ಟ್ರಂಪ್ ಅವರ ಎದುರು ಕೂತಿದ್ದ ವಿಡಿಯೋವನ್ನು ನಮ್ಮಲ್ಲಿ ಬಹಳ ಜನ ಮೊಬೈಲಿನಲ್ಲಿ ನೋಡಿದ್ದೇವೆ. ಒಬ್ಬರು ಯುದ್ಧದಲ್ಲಿ ಸಿಕ್ಕಿಕೊಂಡ ದೇಶದ ನಾಯಕ, ಇನ್ನೊಬ್ಬರು ಆಯುಧ ಕೊಡುವ ದೇಶದ ನಾಯಕ. ಕ್ಯಾಮೆರಾಗಳ ಮುಂದೆಯೇ ಮಾತಿಗೆ ಮಾತು ಬೆಳೆಯಿತು. ಎರಡು ತಿಂಗಳಾದ ಮೇಲೆ, ಏಪ್ರಿಲ್ 30ರಂದು, ಎರಡೂ ದೇಶಗಳು ಉಕ್ರೇನಿನ ಖನಿಜಗಳ ಬಗ್ಗೆ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. "ಸಹಾಯ ಮಾಡಿದವರು ಕೇಳಿದರೆ ತಪ್ಪೇನು?" ಎಂದು ಕೆಲವರು, "ಕಷ್ಟದಲ್ಲಿದ್ದವನ ಹತ್ತಿರ ಚೌಕಾಸಿ ಮಾಡುವುದೇ?" ಎಂದು ಕೆಲವರು.

ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. ಹಿರಿಯರು ಆದವಾನಿ ಎನ್ನುವ ನಮ್ಮ ಆದೋನಿ, ಆಲೂರು, ಪತ್ತಿಕೊಂಡದ ಸೀಮೆ ಬ್ರಿಟಿಷರ ಕೈಗೆ ಹೋದದ್ದು ಯುದ್ಧದಲ್ಲಿ ಸೋತು ಅಲ್ಲ. ಸಹಾಯಕ್ಕೆ ಬಂದ ಸೇನೆಯ ಖರ್ಚಿಗೆಂದು ಅದನ್ನು ಬರೆದುಕೊಡಲಾಯಿತು. ಶಾಲೆಯ ಪುಸ್ತಕದಲ್ಲಿ 'ಸಹಾಯಕ ಸೈನ್ಯ ಪದ್ಧತಿ' ಎಂದು ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದು ನಮ್ಮೂರಿನದೇ ಕಥೆ.

ಆದೋನಿಯ ಬಸಾಲತ್ ಜಂಗ್

1748ರಲ್ಲಿ ಹೈದರಾಬಾದಿನ ಮೊದಲ ನಿಜಾಮ ತೀರಿಕೊಂಡ. ಅಧಿಕಾರಕ್ಕಾಗಿ ಕುಟುಂಬದಲ್ಲೇ ಜಗಳವೆದ್ದಿತು. ಅವನ ಮಗ ಸಲಾಬತ್ ಜಂಗ್ 1751ರಲ್ಲಿ ಪಟ್ಟಕ್ಕೆ ಬಂದದ್ದು ಫ್ರೆಂಚ್ ಸೇನಾನಿ ಬುಸ್ಸಿಯ ಬಲದಿಂದ. ಆ ಸೈನಿಕರ ಸಂಬಳಕ್ಕೆಂದು 1753ರಲ್ಲಿ ಕರಾವಳಿಯ ಉತ್ತರ ಸರ್ಕಾರ್ ಜಿಲ್ಲೆಗಳನ್ನು ಫ್ರೆಂಚರಿಗೆ ಬಿಟ್ಟುಕೊಟ್ಟರು. ಸೈನ್ಯಕ್ಕೆ ಬದಲು ನೆಲ ಎಂಬ ಲೆಕ್ಕವನ್ನು ಇಂಗ್ಲಿಷರು ಹೊಸದಾಗಿ ಕಂಡುಹಿಡಿಯಲಿಲ್ಲ, ಫ್ರೆಂಚರು ಮೊದಲೇ ತೋರಿಸಿಕೊಟ್ಟಿದ್ದರು.

ಸಲಾಬತ್ ಜಂಗನ ಸಹೋದರ ಬಸಾಲತ್ ಜಂಗನ ಪಾಲಿಗೆ ಆದೋನಿ ಜಹಗೀರಾಗಿ ಬಂತು. ಇನ್ನೊಬ್ಬ ಸಹೋದರ ನಿಜಾಮ್ ಅಲಿ ಮುಂದೆ ಸಲಾಬತನನ್ನು ಇಳಿಸಿ ತಾನೇ ನಿಜಾಮನಾದ. ಬಸಾಲತ್ ಜಂಗನ ಸ್ಥಿತಿ ಸುಲಭದ್ದಾಗಿರಲಿಲ್ಲ. ಉತ್ತರಕ್ಕೆ ಸಹೋದರನ ಹೈದರಾಬಾದು, ಪಶ್ಚಿಮಕ್ಕೆ ಮರಾಠರು, ದಕ್ಷಿಣಕ್ಕೆ ದಿನದಿನಕ್ಕೆ ಬೆಳೆಯುತ್ತಿದ್ದ ಹೈದರ್ ಅಲಿ. ಆದೋನಿಯ ಬೆಟ್ಟದ ಕೋಟೆ ಗಟ್ಟಿ, ಆದರೆ ಖಜಾನೆ ಚಿಕ್ಕದು. ಅವನು ಲಾಲಿ ಎಂಬ ಫ್ರೆಂಚ್ ಅಧಿಕಾರಿಯ ಕೈಕೆಳಗೆ ಒಂದು ತುಕಡಿಯನ್ನು ಇಟ್ಟುಕೊಂಡ.

1775ರಲ್ಲಿ ಪಕ್ಕದ ಬಳ್ಳಾರಿಯಲ್ಲಿ ಒಂದು ಘಟನೆ ನಡೆಯಿತು. ಅಲ್ಲಿನ ಪಾಳೇಗಾರ ಬಸಾಲತ್ ಜಂಗನಿಗೆ ಪೊಗದಿ ಕೊಡಲು ಒಪ್ಪಲಿಲ್ಲ. ಆದೋನಿಯ ಸೈನ್ಯ ಬಳ್ಳಾರಿ ಕೋಟೆಗೆ ಮುತ್ತಿಗೆ ಹಾಕಿತು. ಪಾಳೇಗಾರ ಹೈದರನಿಗೆ ಹೇಳಿ ಕಳಿಸಿದ. ಹೈದರ್ ಯಾರೂ ಎಣಿಸದಷ್ಟು ಬೇಗ ಬಂದು ಮುತ್ತಿಗೆ ಹಾಕಿದವರನ್ನು ಓಡಿಸಿದ. ಆಮೇಲೆ ಕೋಟೆಯನ್ನು ಪಾಳೇಗಾರನಿಗೆ ಬಿಡದೆ ತಾನೇ ಇಟ್ಟುಕೊಂಡ. ಕರೆದವನಿಗೆ ಊರು ಬಿಡುವ ಗತಿ ಬಂತು. ಈ ಪಾಠ ಬಸಾಲತ್ ಜಂಗನ ಕಣ್ಣೆದುರೇ ಇತ್ತು.

1779ರ ಒಪ್ಪಂದ

ಬಸಾಲತ್ ಜಂಗನಿಗೆ ಕರಾವಳಿಯ ಗುಂಟೂರು ಕೂಡ ಜೀವಮಾನದ ಜಹಗೀರಾಗಿತ್ತು. ಮದ್ರಾಸಿನ ಇಂಗ್ಲಿಷರಿಗೆ ಅದರ ಮೇಲೆ ಕಣ್ಣು. ಅವನ ಬಳಿ ಫ್ರೆಂಚ್ ಸೈನಿಕರಿರುವುದು ಅವರಿಗೆ ಕಣ್ಣಿನ ಕಸ. 1779ರಲ್ಲಿ ಗವರ್ನರ್ ರಂಬೋಲ್ಡನ ಕಾಲದಲ್ಲಿ ಒಪ್ಪಂದವಾಯಿತು: ಬಸಾಲತ್ ಜಂಗ್ ಫ್ರೆಂಚರನ್ನು ಕಳಿಸಿಬಿಡಬೇಕು, ಗುಂಟೂರನ್ನು ಕಂಪನಿಗೆ ಗುತ್ತಿಗೆಗೆ ಕೊಡಬೇಕು. ಬದಲಿಗೆ ಆದೋನಿಯ ರಕ್ಷಣೆಗೆ ಕಂಪನಿ ಸೈನ್ಯ ಕೊಡುತ್ತದೆ.

ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ನಡೆದದ್ದೇನು? ಕರ್ನಲ್ ಹಾರ್ಪರನ ಕೈಕೆಳಗೆ ಒಂದು ತುಕಡಿ ಆದೋನಿಗೆ ಹೊರಟಿತು. ಅದು ಹೈದರನ ಹಿಡಿತದಲ್ಲಿದ್ದ ಕಡಪ ಸೀಮೆಯನ್ನು ದಾಟಬೇಕಿತ್ತು. ಹೈದರನ ಅಪ್ಪಣೆ ಕೇಳಿರಲಿಲ್ಲ. ಅವನ ಅಧಿಕಾರಿಗಳು ದಾರಿಗೆ ಅಡ್ಡ ನಿಂತರು, ತುಕಡಿ ಹಿಂದಿರುಗಿತು. ಗುಂಟೂರನ್ನು ಮಾತ್ರ ಕಂಪನಿ ತೆಗೆದುಕೊಂಡು, ತನ್ನ ಗೆಳೆಯನಾದ ಆರ್ಕಾಟಿನ ನವಾಬನಿಗೆ ಗುತ್ತಿಗೆಗೆ ಕೊಟ್ಟಿತು. ತನ್ನನ್ನು ಕೇಳದೆ ಸಹೋದರನ ಜೊತೆ ವ್ಯವಹಾರ ಮಾಡಿದರೆಂದು ನಿಜಾಮ್ ಅಲಿ ಸಿಟ್ಟಾದ. ಆದೋನಿಯಿಂದ ಹೊರಟ ಫ್ರೆಂಚ್ ಸೈನಿಕರನ್ನು ಅವನೇ ಸೇವೆಗೆ ಸೇರಿಸಿಕೊಂಡ.

ಬಸಾಲತ್ ಜಂಗನ ಪಾಲಿಗೆ ಉಳಿದದ್ದನ್ನು ಎಣಿಸಿ ನೋಡಿ: ಫ್ರೆಂಚರು ಹೋದರು, ಇಂಗ್ಲಿಷರು ಬರಲಿಲ್ಲ, ಗುಂಟೂರು ಕೈಬಿಟ್ಟಿತು, ಸಹೋದರನೂ ದೂರವಾದ, ನೆರೆಯ ಹೈದರನೂ ಹಗೆಯಾದ. 1780ರಲ್ಲಿ ಹೈದರ್ ಇಂಗ್ಲಿಷರ ಮೇಲೆ ಯುದ್ಧಕ್ಕೆ ಹೊರಟದ್ದಕ್ಕೆ ಮಾಹೆ ಬಂದರಿನ ಜೊತೆಗೆ ಈ ಗುಂಟೂರಿನ ವಿಷಯವೂ ಒಂದು ಕಾರಣ. ಕಲ್ಕತ್ತದ ವಾರನ್ ಹೇಸ್ಟಿಂಗ್ಸ್ ಸರ್ಕಾರ ಗುಂಟೂರನ್ನು ಹಿಂದಿರುಗಿಸಲು ಆಜ್ಞೆ ಮಾಡಬೇಕಾಯಿತು. ತಡಮಾಡಿದ ಮದ್ರಾಸಿನ ಗವರ್ನರ್ ವೈಟ್‌ಹಿಲ್ ಹುದ್ದೆಯನ್ನೇ ಕಳೆದುಕೊಂಡ. 1782ರಲ್ಲಿ ಬಸಾಲತ್ ಜಂಗ್ ತೀರಿಕೊಂಡ. 1788ರಲ್ಲಿ ಗುಂಟೂರು ಮತ್ತೆ ಕಂಪನಿಗೇ ಹೋಯಿತು.

ಬಂದು ಹೊರಟುಹೋದ ಸಹಾಯ

1786ರಲ್ಲಿ ಟಿಪ್ಪು ಸುಲ್ತಾನ್ ಆದೋನಿಗೆ ಮುತ್ತಿಗೆ ಹಾಕಿದ. ಕೋಟೆಯಲ್ಲಿದ್ದವನು ಬಸಾಲತ್ ಜಂಗನ ಮಗ ಮಹಾಬತ್ ಜಂಗ್, ಜೊತೆಗೆ ಅರಮನೆಯ ಹೆಂಗಸರು, ಮಕ್ಕಳು. ಅವರನ್ನು ಬಿಡಿಸಲು ನಿಜಾಮನ ಸೈನ್ಯವೂ ಮರಾಠರ ಸೈನ್ಯವೂ ಬಂದವು. ಆದರೆ ಮಳೆಗಾಲ ಹತ್ತಿರ ಬಂದಿತ್ತು. ತುಂಗಭದ್ರೆ ತುಂಬಿದರೆ ಇಷ್ಟು ದೊಡ್ಡ ಸೈನ್ಯ ದವಸ ಧಾನ್ಯವಿಲ್ಲದೆ ಈಚೆ ದಡದಲ್ಲಿ ಸಿಕ್ಕಿಬೀಳುತ್ತಿತ್ತು. ಅವರು ಕುಟುಂಬವನ್ನು ಕರೆದುಕೊಂಡು ಹೊಳೆ ದಾಟಿದರು, ಕೋಟೆಯನ್ನು ಬಿಟ್ಟರು. ಟಿಪ್ಪು ಒಳಗೆ ಬಂದು ಕೋಟೆಯನ್ನು ಕೆಡವಿಸಿ ಫಿರಂಗಿಗಳನ್ನು ಸಾಗಿಸಿದ.

ಅರಮನೆಯವರು ಉಳಿದರು, ಒಳ್ಳೆಯದೇ. ಆದರೆ ಊರಿನ ನೇಕಾರರು, ರೈತರು, ಕೂಲಿಯವರು ಯಾವ ಹೊಳೆ ದಾಟಬೇಕಿತ್ತು? ಅವರು ಇಲ್ಲೇ ಇದ್ದರು.

ನಿಜಾಮ್ ಅಲಿಯ ಲೆಕ್ಕ

ಇನ್ನು ದೊಡ್ಡ ಒಪ್ಪಂದಕ್ಕೆ ಬರೋಣ. 1795ರ ಮಾರ್ಚಿಯಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮ್ ಅಲಿಯನ್ನು ಸೋಲಿಸಿದರು. ಇಂಗ್ಲಿಷರು ಮಿತ್ರರೆಂದು ಅವನು ನಂಬಿದ್ದ. ಗವರ್ನರ್ ಜನರಲ್ ಜಾನ್ ಶೋರ್ ನಮಗೂ ಇದಕ್ಕೂ ಸಂಬಂಧವಿಲ್ಲ ಎಂದು ಕೈಕಟ್ಟಿ ಕೂತ. ನೊಂದ ನಿಜಾಮ ಫ್ರೆಂಚ್ ಅಧಿಕಾರಿ ರೇಮಾನನ ಪಡೆಯನ್ನು ಬೆಳೆಸಿದ. ಅದು ಸುಮಾರು 14,000 ಸೈನಿಕರಷ್ಟಾಯಿತು.

1798ರಲ್ಲಿ ರೇಮಾನ್ ತೀರಿಕೊಂಡ. ಅದೇ ವರ್ಷ ವೆಲ್ಲೆಸ್ಲಿ ಗವರ್ನರ್ ಜನರಲ್ ಆಗಿ ಬಂದ. ಸೆಪ್ಟೆಂಬರ್ 1ರಂದು ಹೈದರಾಬಾದಿನಲ್ಲಿ ಒಪ್ಪಂದವಾಯಿತು. ಕಂಪನಿಯ ಆರು ಪಟಾಲಂಗಳು ನಿಜಾಮನ ರಕ್ಷಣೆಗೆ ಇರುತ್ತವೆ. ಅದಕ್ಕೆ ನಿಜಾಮ ವರ್ಷಕ್ಕೆ 24,17,100 ರೂಪಾಯಿ ಕೊಡಬೇಕು, ಫ್ರೆಂಚರನ್ನು ಕಳಿಸಬೇಕು. ಅಕ್ಟೋಬರಿನಲ್ಲಿ ಆ ದೊಡ್ಡ ಫ್ರೆಂಚ್ ಪಡೆಯ ಆಯುಧಗಳನ್ನು ರಕ್ತ ಹರಿಸದೆ ಇಳಿಸಿದರು. ಮರುವರ್ಷ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದಾಗ ಅವನ ರಾಜ್ಯದ ಒಂದು ಪಾಲು ನಿಜಾಮನಿಗೂ ಸಿಕ್ಕಿತು.

ಆ ಪಾಲು ಅವನ ಕೈಯಲ್ಲಿ ನಿಂತದ್ದು ಒಂದೇ ವರ್ಷ. 1800ರ ಅಕ್ಟೋಬರ್ 12ರ ಒಪ್ಪಂದದಲ್ಲಿ ಇನ್ನೆರಡು ಪಟಾಲಂ, ಒಂದು ಕುದುರೆ ಪಡೆ ಸೇರಿದವು. ವರ್ಷವರ್ಷ ಹಣ ಕೊಡುವ ಬದಲು, 1792ರಲ್ಲೂ 1799ರಲ್ಲೂ ಮೈಸೂರಿನಿಂದ ಪಡೆದ ನೆಲವನ್ನೆಲ್ಲ ನಿಜಾಮ ಕಂಪನಿಗೆ ಕೊಡಬೇಕೆಂದಾಯಿತು. ಕಂಪನಿಗೆ ತಿಳಿಸದೆ ಬೇರೆ ರಾಜರ ಜೊತೆ ಮಾತುಕತೆಯನ್ನೂ ಮಾಡುವಂತಿಲ್ಲ. ಇದರಲ್ಲಿ ಒಂದು ಅದಲುಬದಲು ಕೂಡ ಇತ್ತು. ಗಡಿ ಸ್ಪಷ್ಟವಾಗಿರಲಿ ಎಂದು ತುಂಗಭದ್ರೆಯ ಆಚೆಯ ಕೊಪ್ಪಳ, ಗಜೇಂದ್ರಗಡ ಮುಂತಾದವು ನಿಜಾಮನಿಗೆ ಉಳಿದವು. ಈಚೆಯ ಆದೋನಿ ಕಂಪನಿಗೆ ಬಂತು. ಬಳ್ಳಾರಿ, ಅನಂತಪುರ, ಕಡಪ, ನಮ್ಮ ಸೀಮೆ ಎಲ್ಲ ಸೇರಿ 'ದತ್ತ ಮಂಡಲ' ಎಂಬ ಹೆಸರು ಬಿತ್ತು, ಅಂದರೆ ಕೊಟ್ಟುಬಿಟ್ಟ ಸೀಮೆ. ಆ ಹೆಸರಿನ ಅವಮಾನ ಬೇಡವೆಂದು 1928ರಲ್ಲಿ ನಂದ್ಯಾಲದ ಸಭೆಯಲ್ಲಿ ರಾಯಲಸೀಮೆ ಎಂಬ ಹೆಸರು ಇಟ್ಟರು.

ಇಂದಿಗೂ ಮಂತ್ರಾಲಯದ ಹತ್ತಿರ ನಿಂತು ಹೊಳೆಯಾಚೆ ನೋಡಿದರೆ ಕಾಣುವುದು ಕರ್ನಾಟಕದ ರಾಯಚೂರು ಜಿಲ್ಲೆ. ಎರಡೂ ದಡದಲ್ಲಿ ಕನ್ನಡ ಮಾತಾಡುವವರಿದ್ದಾರೆ, ತೆಲುಗು ಮಾತಾಡುವವರಿದ್ದಾರೆ, ನಮ್ಮ ನೆಂಟರಿದ್ದಾರೆ. ಹೊಳೆಯನ್ನು ಹೀಗೆ ಗಡಿಯಾಗಿ ಬರೆದದ್ದು ಒಂದು ಸೈನ್ಯದ ಖರ್ಚಿನ ಪತ್ರದಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು ಬಳ್ಳಾರಿಯಿಂದ ಬೇರೆಯಾಗಿ ಕರ್ನೂಲಿಗೆ ಸೇರಿದ್ದು ಆಮೇಲಿನ ಕಥೆ.

ಬಾಕಿ ತೀರಿಸಿದವರು ಯಾರು?

ನಿಜಾಮ್ ಅಲಿಯನ್ನು ಹೇಡಿ ಎಂದು ಬೈಯುವುದು ಸುಲಭ. ಹಾಗೆ ಬೈದರೆ ನ್ಯಾಯವಾಗದು. ಟಿಪ್ಪುವನ್ನು ನೋಡಿ. ಅವನೂ ಸಹಾಯ ಕೇಳಿದವನೇ. 1783ರಲ್ಲಿ ಮಂಗಳೂರಿನ ಮುತ್ತಿಗೆಯಲ್ಲಿದ್ದಾಗ ಯುರೋಪಿನಲ್ಲಿ ಶಾಂತಿಯಾಯಿತೆಂದು ಸುದ್ದಿ ಬಂತು, ಫ್ರೆಂಚರು ಅವನನ್ನು ಬಿಟ್ಟು ಹಿಂದೆ ಸರಿದರು. 1788ರಲ್ಲಿ ಅವನ ರಾಯಭಾರಿಗಳು ಪ್ಯಾರಿಸಿಗೆ ಹೋಗಿ ದೊರೆ ಹದಿನಾರನೆಯ ಲೂಯಿಯನ್ನು ಕಂಡರು. ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ. ಟಿಪ್ಪುವಿನ ದೂರದ ಮಿತ್ರ ಬರಲೇ ಇಲ್ಲ. ನಿಜಾಮನ ಹತ್ತಿರದ ಮಿತ್ರ ಹೋಗಲೇ ಇಲ್ಲ. ಟಿಪ್ಪು ತಲೆ ಕಳೆದುಕೊಂಡ, ನಿಜಾಮನ ಮನೆತನ 1948ರವರೆಗೂ ಉಳಿಯಿತು. ಹಾಗಾದರೆ ನಿಜಾಮ್ ಅಲಿ ಗೆದ್ದನೇ?

ಅವನ ಮನೆತನ ಗೆದ್ದಿತು. ಆದರೆ ಸಾಲ ಮುಗಿಯಲಿಲ್ಲ. 1853ರಲ್ಲಿ ಇನ್ನೊಂದು ಪಡೆಯ ಖರ್ಚಿಗೆಂದು ಬೇರಾರನ್ನೂ ರಾಯಚೂರು ಸೀಮೆಯನ್ನೂ ಬ್ರಿಟಿಷರ ವಶಕ್ಕೆ ಕೊಡಬೇಕಾಯಿತು. 1860ರಲ್ಲಿ ರಾಯಚೂರು ಹಿಂದಕ್ಕೆ ಬಂತು, ಬೇರಾರು ಬರಲಿಲ್ಲ.

ಇಲ್ಲಿ ಕಂದಾಯ ಕಟ್ಟಿದವರು ನಮ್ಮ ಊರಿನವರು. 1800ರಲ್ಲಿ ಥಾಮಸ್ ಮನ್ರೋ ದತ್ತ ಮಂಡಲದ ಕಲೆಕ್ಟರ್ ಆಗಿ ಬಂದ. ಆಗ ಸುಮಾರು 80 ಪಾಳೇಗಾರರು ಈ ಸೀಮೆಯಲ್ಲಿದ್ದರು, ಅವರನ್ನೆಲ್ಲ ಅಡಗಿಸಿದ. 1801ರಲ್ಲಿ ತೆರ್ನೇಕಲ್ ಊರಿನವರು ಕಂಪನಿಯ ಕಂದಾಯಕ್ಕೆ ಎದುರು ನಿಂತರು. ಒಂದು ಹಳ್ಳಿಯ ಮೇಲೆ ಸೇನೆಯೇ ಬರಬೇಕಾಯಿತು. ಕೊನೆಗೆ ಊರು ಬಿತ್ತು. ಹೈದರಾಬಾದಿನ ಒಪ್ಪಂದ ಬರೆಯುವಾಗ ತೆರ್ನೇಕಲ್ಲಿನ ಒಬ್ಬ ರೈತನನ್ನೂ ಯಾರೂ ಕೇಳಿರಲಿಲ್ಲ.

ಮನ್ರೋ ಕೆಟ್ಟವನೆಂದಷ್ಟೇ ಹೇಳಿ ಮುಗಿಸುವಂತೆಯೂ ಇಲ್ಲ. ಹೊಲಹೊಲ ಅಳೆಯಿಸಿ, ರೈತನ ಹೆಸರಿಗೇ ಪಟ್ಟಾ ಕೊಡುವ ರೈತವಾರಿ ಪದ್ಧತಿಗೆ ಬುನಾದಿ ಹಾಕಿದ. 1827ರ ಜುಲೈ 6ರಂದು ನಮ್ಮ ಪತ್ತಿಕೊಂಡದಲ್ಲೇ ಕಾಲರಾದಿಂದ ತೀರಿಕೊಂಡ. ನಾವು ಕ್ರೈಸ್ತರು ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಇಲ್ಲಿ ಕಂಪನಿಯ ಆಡಳಿತ ಬಂದು ಹತ್ತು ವರ್ಷಕ್ಕೆ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. ಸೇನೆ ತುಳಿದ ದಾರಿಯಲ್ಲೇ ಶುಭಸಂದೇಶವೂ ನಡೆದು ಬಂತು. ದೇವರು ಆ ದಾರಿಯನ್ನೂ ಬಳಸಿಕೊಂಡರು ಎಂದು ನಾವು ನಂಬುತ್ತೇವೆ. ಹಾಗೆಂದು ಸೇನೆ ಮಾಡಿದ್ದೆಲ್ಲ ಸರಿ ಎನ್ನಲಾಗದು.

ಅರಸ ಆಹಾಜನ ಬೆಳ್ಳಿಬಂಗಾರ

ಪವಿತ್ರ ಬೈಬಲಿನಲ್ಲಿ ಅರಸುಗಳ ಎರಡನೆಯ ಗ್ರಂಥದ 16ನೇ ಅಧ್ಯಾಯವನ್ನು ಈ ವಾರ ಓದಿ. ಯೆಹೂದದ ಅರಸ ಆಹಾಜನ ಮೇಲೆ ನೆರೆಯ ಎರಡು ರಾಜ್ಯಗಳು ಒಟ್ಟಾಗಿ ಬರುತ್ತವೆ. ಅವನು ಹೆದರಿ ದೊಡ್ಡ ಅಸ್ಸೀರಿಯದ ಅರಸನಿಗೆ ಮೊರೆಯಿಡುತ್ತಾನೆ. ಕಾಣಿಕೆಯಾಗಿ ಕಳಿಸಿದ್ದು ಅರಮನೆಯ ಹಣವನ್ನಷ್ಟೇ ಅಲ್ಲ, ದೇವಾಲಯದ ಬೆಳ್ಳಿಬಂಗಾರವನ್ನೂ. ಸಹಾಯವೇನೋ ಬಂತು, ದಮಸ್ಕ ಬಿತ್ತು. ಆದರೆ ಆಹಾಜ ಅಲ್ಲಿಗೆ ಹೋಗಿ ನೋಡಿದ ಬಲಿಪೀಠದ ಮಾದರಿಯನ್ನೇ ಜೆರುಸಲೇಮಿಗೆ ತಂದು ನಿಲ್ಲಿಸಿದ. ಅವನ ಮಗ ಹಿಜ್ಕೀಯನ ಕಾಲಕ್ಕೆ ಅದೇ ಅಸ್ಸೀರಿಯದ ಸೈನ್ಯ ಜೆರುಸಲೇಮಿನ ಬಾಗಿಲಿಗೆ ಬಂದು ನಿಂತಿತು.

ಗಮನಿಸಿ, ನೆರವು ಕೇಳುವುದೇ ಪಾಪವೆಂದು ಬೈಬಲ್ ಹೇಳುವುದಿಲ್ಲ. ಗಾಯಗೊಂಡವನು ಸಮಾರಿಯದವನ ನೆರವನ್ನು ಪಡೆದ. ಆ ಸಮಾರಿಯದವನು ಛತ್ರದವನಿಗೆ ತಾನೇ ಹಣ ಕೊಟ್ಟ, ಗಾಯಗೊಂಡವನ ಹೊಲ ಬರೆಸಿಕೊಳ್ಳಲಿಲ್ಲ. ಆಹಾಜನ ತಪ್ಪು ಭಯದಲ್ಲಿ, ತನ್ನದಲ್ಲದ್ದನ್ನು ಕೊಟ್ಟದ್ದರಲ್ಲಿ. ಬಸಾಲತ್ ಜಂಗನಿಗೂ ನಿಜಾಮ್ ಅಲಿಗೂ ನಾವು ಕೇಳಬೇಕಾದ ಪ್ರಶ್ನೆ ಇದೇ: ನೀವು ಕೊಟ್ಟದ್ದು ಯಾರದ್ದು?

ಇಂಗ್ಲಿಷರಿಗೂ ಒಂದು ದಿನ ಕೇಳುವ ಸರದಿ ಬಂತು. 1940ರಲ್ಲಿ ಹಿಟ್ಲರನ ಎದುರು ಒಂಟಿಯಾದ ಬ್ರಿಟನ್, ಅಮೆರಿಕದ 50 ಹಳೆಯ ಯುದ್ಧನೌಕೆಗಳಿಗಾಗಿ ತನ್ನ ದ್ವೀಪಗಳಲ್ಲಿ ನೆಲೆಗಳನ್ನು 99 ವರ್ಷದ ಗುತ್ತಿಗೆಗೆ ಬಿಟ್ಟುಕೊಟ್ಟಿತು. ಯುದ್ಧ ಮುಗಿದ ಮೇಲೆ ಅಮೆರಿಕದಿಂದ ತಂದ ಸಾಲದ ಕೊನೆಯ ಕಂತು ಕಟ್ಟಿದ್ದು 2006ರಲ್ಲಿ. ಆ ಕಂತು ಕಟ್ಟಿದವರಲ್ಲಿ ಯುದ್ಧ ಕಾಣದ ಮೊಮ್ಮಕ್ಕಳೂ ಇದ್ದರು.

ಮುಂದಿನ ಭಾನುವಾರದ ಯುವಕೂಟಕ್ಕೆ ಮೂರು ಪ್ರಶ್ನೆ:

1. ಬಸಾಲತ್ ಜಂಗನ ಜಾಗದಲ್ಲಿ ನೀವಿದ್ದರೆ ಫ್ರೆಂಚರನ್ನು ಮೊದಲು ಕಳಿಸುತ್ತಿದ್ದಿರಾ, ಇಂಗ್ಲಿಷ್ ತುಕಡಿ ಆದೋನಿ ಮುಟ್ಟಲಿ ಎಂದು ಕಾಯುತ್ತಿದ್ದಿರಾ?

2. ನಮ್ಮ ಮನೆಗಳಲ್ಲಿ ಮದುವೆಗೆ, ಬೋರ್‌ವೆಲ್ಲಿಗೆ, ಓದಿಗೆ ಸಾಲ ತರುವಾಗ ತೀರಿಸಬೇಕಾದವರನ್ನೂ ಕೂರಿಸಿ ಮಾತಾಡುತ್ತೇವೆಯೇ?

3. ನಾವು ಇನ್ನೊಬ್ಬರಿಗೆ ನೆರವಾಗುವಾಗ ಸಮಾರಿಯದವನಂತೆ ಇರುತ್ತೇವೆಯೋ, ಅಸ್ಸೀರಿಯದ ಅರಸನಂತೆಯೋ?

ಎಲ್ಲರೂ ಬನ್ನಿ, ಬೈಬಲ್ ತನ್ನಿ. ಆದೋನಿ ಕೋಟೆಯ ಬಗ್ಗೆ ಮನೆಯ ಹಿರಿಯರಿಗೆ ಗೊತ್ತಿರುವುದನ್ನು ಕೇಳಿ ಬರೆದುಕೊಂಡು ಬನ್ನಿ. ಯುದ್ಧದಲ್ಲಿ ಸಿಕ್ಕಿಕೊಂಡ ಎಲ್ಲ ದೇಶಗಳಿಗಾಗಿ, ವಿಶೇಷವಾಗಿ ಯಾವ ಒಪ್ಪಂದದಲ್ಲೂ ಹೆಸರಿಲ್ಲದ ಸಾಮಾನ್ಯ ಜನರಿಗಾಗಿ ಒಂದು ಪರಲೋಕ ಮಂತ್ರ ಹೇಳೋಣ.