ಕುಳೆ ಉಳಿದಿರುವಾಗಲೇ: ಶ್ವಾಸಕೋಶ ಕ್ಯಾನ್ಸರ್ ಚಿಕಿತ್ಸೆಯ ಮೂರು ದಶಕ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಮಗ್ಗುಲಲ್ಲೇ ನಿಪ್ಪಾಣಿಯ ಬೀಡಿ ತಂಬಾಕಿನ ಸೀಮೆ. ಗೋಕಾಕ, ಮೂಡಲಗಿಗಳ ಕಡೆ ಕಬ್ಬು ಹೆಚ್ಚು. ಆದರೆ ಬೀಡಿ ಹೊಗೆಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ. ಈ ಭಾಗದವರಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದರೆ ಬಹುಕಾಲ ಕೀಮೋ, ಮಿರಜ್ ಅಥವಾ ಹುಬ್ಬಳ್ಳಿಗೆ ಓಡಾಟ, ಅನುಕೂಲವಿದ್ದರೆ ಮುಂಬೈಯ ಟಾಟಾ ಆಸ್ಪತ್ರೆ. 2025ರ ಜನವರಿಯಲ್ಲಿ ಬೆಳಗಾವಿಯಲ್ಲೇ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟನೆಯಾಗಿ ದಾರಿ ಹತ್ತಿರವಾಯಿತು. ವೈದ್ಯರು ಈಗ ಹೇಳುವ ‘ಇಮ್ಯುನೊಥೆರಪಿ’ ಎಲ್ಲಿಂದ ಬಂತು, ಎಲ್ಲಿಗೆ ಬಂದು ನಿಂತಿದೆ ಎಂದು ನೋಡುವುದು ನಮಗೂ ಸಂಬಂಧಪಟ್ಟ ಮಾತೇ.

ನಮ್ಮ ರಕ್ತದ ಟಿ ಕೋಶಗಳು ಸೋಂಕು ತಗುಲಿದ ಕೋಶಗಳನ್ನೂ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲಬಲ್ಲವು. ಅವು ಅತಿಯಾಗಿ ಕೆರಳಿದರೆ ಸ್ವಂತ ದೇಹಕ್ಕೇ ಕುತ್ತು. ಹಾಗಾಗಿ ಅವುಗಳ ಮೈಮೇಲೆ ‘ಸಾಕು’ ಎನ್ನುವ ಗ್ರಾಹಕಗಳಿವೆ, ಇವೇ ಚೆಕ್‌ಪಾಯಿಂಟ್‌ಗಳು. ಇವುಗಳಲ್ಲೊಂದಾದ ಸಿಟಿಎಲ್‌ಎ-4 1987ರಲ್ಲಿ ಫ್ರಾನ್ಸ್‌ನಲ್ಲಿ ಪತ್ತೆಯಾಯಿತು. 1992ರಲ್ಲಿ ಜಪಾನಿನ ಕ್ಯೋಟೊದಲ್ಲಿ ತಾಸುಕು ಹೊಂಜೊ ಅವರ ತಂಡಕ್ಕೆ ಇನ್ನೊಂದು ಗ್ರಾಹಕ, ಪಿಡಿ-1, ಸಿಕ್ಕಿತು. 1996ರಲ್ಲಿ ಅಮೆರಿಕದ ಜೇಮ್ಸ್ ಆಲಿಸನ್, ಸಿಟಿಎಲ್‌ಎ-4ಕ್ಕೆ ಪ್ರತಿಕಾಯದ ಅಡ್ಡ ಹಾಕಿದರೆ ಇಲಿಗಳ ಗಡ್ಡೆ ಕರಗುತ್ತದೆಂದು ತೋರಿಸಿದರು. 2018ರಲ್ಲಿ ಆಲಿಸನ್ ಮತ್ತು ಹೊಂಜೊ ಇಬ್ಬರಿಗೂ ನೊಬೆಲ್.

ಚೆಕ್‌ಪಾಯಿಂಟ್‌ಗೆ ಹೀಗೆ ಅಡ್ಡ ಹಾಕುವ ಮದ್ದೇ ಈ ಇಮ್ಯುನೊಥೆರಪಿ. ಶ್ವಾಸಕೋಶ ಕ್ಯಾನ್ಸರ್‌ಗೆ ಅದು ಬಂದದ್ದು 2015ರಲ್ಲಿ, ಪಿಡಿ-1ಕ್ಕೆ ಅಡ್ಡ ಹಾಕುವ ನಿವೊಲುಮ್ಯಾಬ್ ಹೆಸರಿನಲ್ಲಿ. ಮರುವರ್ಷ ಅದೇ ಬಗೆಯ ಪೆಂಬ್ರೊಲಿಜುಮ್ಯಾಬ್ ಕೀಮೋವನ್ನೇ ಹಿಂದಿಕ್ಕಿತು. ಗಡ್ಡೆಯಲ್ಲಿ ಪಿಡಿ-ಎಲ್1 (ಪಿಡಿ-1ಕ್ಕೆ ಅಂಟಿಕೊಳ್ಳುವ ಪ್ರೊಟೀನು) ಹೇರಳವಾಗಿದ್ದ, ರೋಗ ಹರಡಿದ್ದ ರೋಗಿಗಳಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ ಸುಮಾರು 32. ಕೀಮೋದಿಂದ ಆರಂಭಿಸಿದವರಲ್ಲಿ 16. ದೊಡ್ಡ ಗೆಲುವೇ. ಆದರೆ ಉಳಿದ 68 ಮಂದಿಗೆ ಅಷ್ಟು ಕಾಲ ಏಕೆ ಫಲಿಸಲಿಲ್ಲ?

ಉತ್ತರದ ಎಳೆ ಸಿಕ್ಕಿದ್ದು ಕ್ಯಾನ್ಸರ್‌ನಲ್ಲಲ್ಲ, ಇಲಿಗಳ ವೈರಸ್ ರೋಗದಲ್ಲಿ. ಹೈದರಾಬಾದಿನಲ್ಲಿ ಹುಟ್ಟಿ, ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ರಫಿ ಅಹ್ಮದ್ ದೀರ್ಘಕಾಲದ ಸೋಂಕಿನಲ್ಲಿ ಟಿ ಕೋಶಗಳು ದಣಿಯುವ ಬಗೆಯನ್ನು ವರ್ಷಗಟ್ಟಲೆ ಬೆನ್ನುಹತ್ತಿದರು. ಪಿಡಿ-1ಕ್ಕೆ ಅಡ್ಡ ಹಾಕಿದರೆ ದಣಿವಿನಿಂದ ಚೇತರಿಕೆ ಬರುತ್ತದೆಂದು ಅವರ ತಂಡ 2006ರಲ್ಲಿ ತೋರಿಸಿತು. 2016ರಲ್ಲಿ ಅದೇ ಗುಂಪು ಮುಂದಿನ ಗುಟ್ಟು ಬಿಚ್ಚಿತು: ಪೂರಾ ದಣಿದ ಕೋಶಗಳು ಏಳುವುದೇ ಇಲ್ಲ. ಟಿಸಿಎಫ್-1 ಎಂಬ ಪ್ರೊಟೀನು ಇರುವ, ಕಾಂಡಕೋಶದ ಗುಣದ ಒಂದು ಚಿಕ್ಕ ಗುಂಪು ಮಾತ್ರ ಮದ್ದಿಗೆ ಓಗೊಟ್ಟು ಹೊಸ ಸೈನ್ಯ ಹೆರುತ್ತದೆ. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿದ ಕುಳೆಯೇ ಮತ್ತೆ ಚಿಗುರುತ್ತದಲ್ಲ, ಹಾಗೆ. (ಗಡ್ಡೆ ಬೆಳೆಸುವ ‘ಕ್ಯಾನ್ಸರ್ ಕಾಂಡಕೋಶ’ಗಳು ಬೇರೆ, ಎರಡನ್ನೂ ಬೆರೆಸಬಾರದು.)

ಈ ಕೋಶಗಳು ಗಡ್ಡೆಯೊಳಗಷ್ಟೇ ಅಲ್ಲ, ಪಕ್ಕದ ದುಗ್ಧಗ್ರಂಥಿಗಳಲ್ಲೂ ದಾಸ್ತಾನಿರುತ್ತವೆಂದು 2021ರ ಹೊತ್ತಿಗೆ ಶ್ವಾಸಕೋಶ ಗಡ್ಡೆಯ ಇಲಿಗಳಲ್ಲಿ ಕಂಡಿತು. ಶಸ್ತ್ರಚಿಕಿತ್ಸಕರು ಗಡ್ಡೆಯ ಜೊತೆ ಕಿತ್ತು ತೆಗೆಯುವುದೂ ಇವೇ ಗ್ರಂಥಿಗಳನ್ನು! ಹಾಗಾದರೆ ಮದ್ದನ್ನು ಆಪರೇಷನ್ನಿಗೆ ಮೊದಲೇ ಕೊಡಬೇಕಲ್ಲವೇ? ಹಾಗೆ ಕೊಟ್ಟ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಕೀಮೋ ಜೊತೆ ನಿವೊಲುಮ್ಯಾಬ್ ಪಡೆದವರಲ್ಲಿ ನೂರಕ್ಕೆ 24 ಮಂದಿಯ ಗಡ್ಡೆಯಲ್ಲಿ ಜೀವಂತ ಕ್ಯಾನ್ಸರ್ ಕೋಶವೇ ಉಳಿದಿರಲಿಲ್ಲ. ಬರಿ ಕೀಮೋದಲ್ಲಿ ಆ ಪ್ರಮಾಣ 2.2. ಇದಕ್ಕೆ ದುಗ್ಧಗ್ರಂಥಿಯ ದಾಸ್ತಾನೊಂದೇ ಕಾರಣವೆಂದು ಸಿದ್ಧವಾಗಿಲ್ಲ, ಆದರೆ ತರ್ಕ ಹೊಂದುತ್ತದೆ. ಗ್ರಾಹಕದ ಮೇಲೆ ಗ್ರಾಹಕ ಮುಚ್ಚುತ್ತ ಹೋಗುವ ದಾರಿ ಮಾತ್ರ ಅಷ್ಟು ಫಲ ಕೊಟ್ಟಿಲ್ಲ: ಟಿಗಿಟ್ ಎಂಬ ಇನ್ನೊಂದು ಚೆಕ್‌ಪಾಯಿಂಟ್ ಗ್ರಾಹಕದ ಮೇಲಿನ ದೊಡ್ಡ ಶ್ವಾಸಕೋಶ ಪ್ರಯೋಗ 2024ರಲ್ಲಿ ಸೋತಿತು.

ನಮ್ಮ ದೇಶದ ತೊಡಕು ಬೇರೆ. ಇಲ್ಲಿ ಬೀಡಿ-ಸಿಗರೇಟು ಮುಟ್ಟದವರಲ್ಲೂ ಈ ರೋಗ ಉಂಟು, ಇಜಿಎಫ್‌ಆರ್ ಜೀನಿನ ದೋಷವಿರುವ ಗಡ್ಡೆಗಳೂ ಸಾಕಷ್ಟು. ಅಂಥವಕ್ಕೆ ಪಿಡಿ-1 ಮದ್ದು ಅಷ್ಟಾಗಿ ನಾಟುವುದಿಲ್ಲ, ಆ ದೋಷಕ್ಕೇ ಗುರಿಯಿಟ್ಟ ಗುಳಿಗೆಗಳೇ ಮೇಲು. ಇನ್ನು ಪಿಡಿ-1 ಮದ್ದಿನ ದುಬಾರಿ ಬೆಲೆ. ಟಾಟಾ ಆಸ್ಪತ್ರೆಯ ವೈದ್ಯರು ತಲೆ-ಕುತ್ತಿಗೆ ಕ್ಯಾನ್ಸರ್‌ನಲ್ಲಿ ರೂಢಿಯ ಪ್ರಮಾಣದ ಹತ್ತನೇ ಒಂದಕ್ಕಿಂತ ಕಡಿಮೆ, ಮೂರು ವಾರಕ್ಕೆ ಬರಿ 20 ಮಿಲಿಗ್ರಾಂ ನಿವೊಲುಮ್ಯಾಬನ್ನು ಅಗ್ಗದ ಗುಳಿಗೆಗಳ ಜೊತೆ ಕೊಟ್ಟು ನೋಡಿದರು. ಬರಿ ಗುಳಿಗೆ ಪಡೆದವರಲ್ಲಿ ಒಂದು ವರ್ಷ ಬದುಕಿದವರು ನೂರಕ್ಕೆ 16, ನಿವೊಲುಮ್ಯಾಬನ್ನೂ ಪಡೆದವರಲ್ಲಿ 43. ಸಣ್ಣ ಪ್ರಮಾಣಕ್ಕೇ ಪಿಡಿ-1 ಗ್ರಾಹಕಗಳು ಬಹುಪಾಲು ತುಂಬಿಕೊಳ್ಳುವುದು ಇದರ ಹಿಂದಿನ ವಿಜ್ಞಾನ. ಹೊಸ ಗ್ರಾಹಕಗಳ ಬೇಟೆಗಿಂತ ಈ ಸಣ್ಣ ಡೋಸಿನ ಕೆಲಸವೇ ನಮ್ಮ ಬೆಳಗಾವಿ ಜಿಲ್ಲೆಗೆ ಹೆಚ್ಚು ಬೆಲೆಯುಳ್ಳದ್ದು ಎಂದು ನನ್ನ ಅನಿಸಿಕೆ. ಶ್ವಾಸಕೋಶಕ್ಕೂ ಇದೇ ಗಟ್ಟಿತನದ ಪ್ರಯೋಗಗಳು ಬೇಕು.

ಮತ್ತೊಂದು ಮಾತು, ಇದಕ್ಕೆ ಸಂಶೋಧನೆ ಬೇಡ. ನಮ್ಮಲ್ಲಿ ಎಷ್ಟೋ ಶ್ವಾಸಕೋಶ ಕ್ಯಾನ್ಸರ್‌ಗಳು ಮೊದಲು ಟಿಬಿ ಎಂದು ಚಿಕಿತ್ಸೆ ಪಡೆಯುತ್ತವೆ, ಅಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಕಫದಲ್ಲಿ ಟಿಬಿ ಸಿಗದೆ ಗುಳಿಗೆ ನುಂಗುತ್ತಿದ್ದು, ಕೆಮ್ಮು ಇಳಿಯದಿದ್ದರೆ, ರಕ್ತ ಬೀಳುತ್ತಿದ್ದರೆ, ಮೈ ಇಳಿಯುತ್ತಿದ್ದರೆ ವೈದ್ಯರ ಬಳಿ ಸಿಟಿ ಸ್ಕ್ಯಾನ್ ಮತ್ತು ಬಯಾಪ್ಸಿಯ ಮಾತನ್ನು ನೀವೇ ಎತ್ತಿ.