ಹಳೇ ಜೆಟ್‌ಗಳು ಯಾಕೆ ಅಷ್ಟು ಕಿರುಚುತ್ತಿದ್ದವು? ಬೆಂಗಳೂರಿನ ಆರ್ಫಿಯಸ್‌ನಿಂದ ವಿಶಾಖಪಟ್ಟಣದ ಬೀಚ್ ರೋಡ್‌ವರೆಗೆ

ವಿಡಿಯೊ ನೋಡಲು ಪುರುಸೊತ್ತಿಲ್ಲದವರಿಗೆ, ಓದೋದೇ ಇಷ್ಟ ಅನ್ನೋರಿಗೆ ಈ ಸಂಚಿಕೆಯ ಮಾತುಗಳನ್ನು ಅಲ್ಲಲ್ಲಿ ತಿದ್ದಿ ಇಲ್ಲಿ ಕೊಡ್ತಾ ಇದ್ದೇನೆ.

ಋಷಿಕೊಂಡ, ಮಧುರವಾಡದ ಕಡೆ ಕೆಲಸಕ್ಕೆ ಬಂದಿರುವ ನಮ್ಮಂಥ ಕನ್ನಡಿಗರಿಗೆ ನೌಕಾಪಡೆ ದಿನ ಅಂದ್ರೆ ಗೊತ್ತು. 1971ರ ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ನಡೆಸಿದ ದಾಳಿಯ ನೆನಪಿಗೆ ಆಚರಿಸುವ ದಿನ ಅದು. ವಿಶಾಖಪಟ್ಟಣದ ಆರ್.ಕೆ. ಬೀಚ್‌ನಲ್ಲಿ ನೌಕಾಪಡೆಯ ಪ್ರದರ್ಶನ ನಡೆದಾಗೆಲ್ಲ ಮರಳಿನ ಮೇಲೆ ಕಾಲಿಡಲು ಜಾಗ ಇರಲ್ಲ. ಹಾಕ್ ಬರುತ್ತೆ, ಮಿಗ್-29ಕೆ ಬರುತ್ತೆ, ಜನ ಕೇಕೆ ಹಾಕ್ತಾರೆ. ಆಗ ಗುಂಪಿನಲ್ಲಿ ಯಲಹಂಕದ ಏರ್ ಶೋ ನೋಡಿ ಬಂದ ಹಿರಿಯರೊಬ್ಬರು ಇದ್ದೇ ಇರ್ತಾರೆ. "ಇದೇನ್ರೀ ಸದ್ದು? ಹಳೇ ವಿಮಾನಗಳು ಹೋದ್ರೆ ಎದೆ ನಡುಗ್ತಿತ್ತು!" ಅಂತಾರೆ.

ಈ ಮಾತು ನಿಜಾನಾ? ಅರ್ಧ ನಿಜ. ಆ ಅರ್ಧದೊಳಗೆ ಬೆಂಗಳೂರಿನ ಕಾರ್ಖಾನೆಯೊಂದರ ಚರಿತ್ರೆ ಇದೆ, ನಮ್ಮ ಕಿವಿಗಳ ಲೆಕ್ಕವೂ ಇದೆ.

1952: ಒಂದು ವರ್ಷ, ಎರಡು ಘಟನೆ

1952ರ ಸೆಪ್ಟೆಂಬರ್ 6. ಇಂಗ್ಲೆಂಡಿನ ಫಾರ್ನ್‌ಬರೊ ಏರ್ ಶೋ. ಆ ಕಾಲದಲ್ಲಿ ಜನ ಬರ್ತಿದ್ದದ್ದು ವಿಮಾನ ನೋಡೋಕೆ ಮಾತ್ರ ಅಲ್ಲ, 'ಢಂ' ಕೇಳೋಕೆ. ಎತ್ತರದಿಂದ ಧುಮುಕುತ್ತಾ ಶಬ್ದದ ವೇಗ ದಾಟಿ, ಆ ಸ್ಫೋಟದ ಸದ್ದನ್ನು ಜನರ ಮೇಲೆ ಹಾಕೋದೇ ಪ್ರದರ್ಶನದ ಮುಖ್ಯ ಆಕರ್ಷಣೆ. ಅವತ್ತು ಜಾನ್ ಡೆರಿ ಓಡಿಸುತ್ತಿದ್ದ ಡಿಎಚ್-110 ವಿಮಾನ ಸದ್ದು ಮಾಡಿ, ತಿರುಗಿ ಜನರತ್ತ ಬರುವಾಗ ಗಾಳಿಯಲ್ಲೇ ಚೂರಾಯಿತು. ವಿಮಾನದಲ್ಲಿದ್ದ ಇಬ್ಬರೂ ಸತ್ತರು. ಚೂರುಗಳು ಗುಂಪಿನ ಮೇಲೆ ಬಿದ್ದು 29 ಪ್ರೇಕ್ಷಕರು ಸತ್ತರು. ಜನರಿಗೂ ವಿಮಾನಕ್ಕೂ ನಡುವೆ ಎಷ್ಟು ದೂರ ಇರಬೇಕು ಅನ್ನೋ ಕಟ್ಟುನಿಟ್ಟಿನ ನಿಯಮಗಳು ಬಂದದ್ದು ಈ ದುರಂತದ ನಂತರ. ಆ ದೂರ ನಮ್ಮ ಕಿವಿಯನ್ನೂ ಕಾಯುತ್ತದೆ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಅದೇ ವರ್ಷ ಜೇಮ್ಸ್ ಲೈಟ್‌ಹಿಲ್ ಎಂಬ ಗಣಿತಜ್ಞ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಜೆಟ್‌ನ ಹಿಂದಿನಿಂದ ನುಗ್ಗುವ ಬಿಸಿಗಾಳಿ ಸುತ್ತಲಿನ ತಣ್ಣನೆ ಗಾಳಿಗೆ ಉಜ್ಜಿ ಸುಳಿಗಳಾಗಿ ಒಡೆಯುವಾಗ ಎಷ್ಟು ಸದ್ದು ಹುಟ್ಟುತ್ತದೆ ಅನ್ನೋದು ಅವರ ಪ್ರಶ್ನೆ. ಬಂದ ಉತ್ತರ: ಸದ್ದಿನ ಶಕ್ತಿ ಆ ಗಾಳಿಯ ವೇಗದ ಎಂಟನೇ ಘಾತದಷ್ಟು ಏರುತ್ತದೆ.

ನಮ್ಮ ಕೋಡ್‌ನಲ್ಲಿ ಎನ್ ಸ್ಕ್ವೇರ್ ಕಂಡರೇ ರಿವ್ಯೂನಲ್ಲಿ ಬೈತಾರೆ. ಇದು ಎಂಟನೇ ಘಾತ! ವೇಗ ಎರಡು ಪಟ್ಟು ಆದರೆ ಸದ್ದಿನ ಶಕ್ತಿ 256 ಪಟ್ಟು. ಡೆಸಿಬೆಲ್‌ನಲ್ಲಿ ಹೇಳೋದಾದರೆ 24 ಹೆಚ್ಚು.

ಈಗ ತಿರುಗಿಸಿ ನೋಡಿ. ವಿಮಾನ ತಳ್ಳೋಕೆ ಎರಡು ದಾರಿ ಇವೆ. ಸ್ವಲ್ಪ ಗಾಳಿಯನ್ನು ಬಹಳ ವೇಗವಾಗಿ ಎಸೆಯಬಹುದು, ಬಹಳ ಗಾಳಿಯನ್ನು ನಿಧಾನವಾಗಿಯೂ ಎಸೆಯಬಹುದು. ಅಷ್ಟೇ ತಳ್ಳುಬಲ ಬೇಕು, ವೇಗ ಮಾತ್ರ ಅರ್ಧ ಸಾಕು ಅಂದ್ರೆ ಕೊಳವೆಯ ಬಾಯಿಯ ವಿಸ್ತೀರ್ಣ ನಾಲ್ಕು ಪಟ್ಟು ಆಗಬೇಕು. ಬಾಯಿ ಅಗಲವಾದ್ದರಿಂದ ಸದ್ದು ನಾಲ್ಕು ಪಟ್ಟು ಏರುತ್ತೆ, ವೇಗ ಇಳಿದದ್ದರಿಂದ 256 ಪಟ್ಟು ಇಳಿಯುತ್ತೆ. ಒಟ್ಟಿನಲ್ಲಿ 64ರಲ್ಲಿ ಒಂದು ಪಾಲು, ಅಂದರೆ 18 ಡೆಸಿಬೆಲ್ ಕಡಿಮೆ. ತಳ್ಳುವ ಬಲ ಮಾತ್ರ ಅಷ್ಟೇ.

ಹಳೇ ಜೆಟ್‌ಗಳು ಮೊದಲ ದಾರಿ ಹಿಡಿದವು. ಕಿರಿದಾದ ಬಾಯಿ, ಸಿಡಿಲಿನಂಥ ಗಾಳಿ. ನಾವು ಎದೆ ನಡುಗಿಸಿಕೊಂಡು ಮೆಚ್ಚಿದ ಆ ಗರ್ಜನೆ ಬಲದ ಅಳತೆ ಅಲ್ಲ. ವಿಮಾನಕ್ಕೆ ದಕ್ಕದೆ ಗಾಳಿಪಾಲಾದ ಶಕ್ತಿಯ ಕೂಗು ಅದು.

ಬ್ರಿಸ್ಟಲ್‌ನ ಹಾಡುಗಾರ, ಬೆಂಗಳೂರಿನ ಮಾರುತ್

ಇಂಗ್ಲೆಂಡಿನ ಬ್ರಿಸ್ಟಲ್ ಕಂಪನಿ ತನ್ನ ಎಂಜಿನ್‌ಗಳಿಗೆ ಗ್ರೀಕ್ ಪುರಾಣದ ಹೆಸರು ಇಡುತ್ತಿತ್ತು. ಒಲಿಂಪಸ್ ವಲ್ಕನ್ ಬಾಂಬರ್‌ಗೆ, ಮುಂದೆ ಅದರ ವಂಶದ್ದೇ ಕಾಂಕಾರ್ಡ್‌ಗೆ. ವಲ್ಕನ್‌ನ ಗಾಳಿ ಒಳಹೋಗುವ ಬಾಯಿಗಳು ಒಂದು ಹಂತದ ಥ್ರಾಟಲ್‌ನಲ್ಲಿ ಊಳಿಡುತ್ತಿದ್ದವು. ಆ ಊಳು ಕೇಳೋಕೇ ಜನ ಟಿಕೆಟ್ ತಗೊಳ್ತಿದ್ದರು. ಹಾರುವ ಸ್ಥಿತಿಯಲ್ಲಿದ್ದ ಕೊನೆಯ ವಲ್ಕನ್ 2015ರ ಅಕ್ಟೋಬರ್‌ನಲ್ಲಿ ನೆಲ ಹಿಡಿಯಿತು.

ಎರಡನೆಯದು ಆರ್ಫಿಯಸ್. ಪುರಾಣದಲ್ಲಿ ಆರ್ಫಿಯಸ್ ಅಂದ್ರೆ ಕಲ್ಲನ್ನೂ ಕರಗಿಸುವ ಹಾಡುಗಾರ. ಈ ಹಾಡುಗಾರ ನಮ್ಮೂರಿಗೂ ಬಂದ. ಬೆಂಗಳೂರಿನ ಎಚ್‌ಎಎಲ್ ತನ್ನ ಎಂಜಿನ್ ವಿಭಾಗ ಶುರು ಮಾಡಿದ್ದು 1957ರಲ್ಲಿ, ಲೈಸೆನ್ಸ್ ಪಡೆದು ಆರ್ಫಿಯಸ್ ತಯಾರಿಸಲು. ಪುಟಾಣಿ ನ್ಯಾಟ್ ವಿಮಾನಕ್ಕೆ ಒಂದು ಆರ್ಫಿಯಸ್, ನಾವೇ ಕಟ್ಟಿದ ಎಚ್‌ಎಫ್-24 ಮಾರುತ್‌ಗೆ ಎರಡು.

ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಮಾರುತ್ 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ಓಡಿಸಿದವರು ಸುರಂಜನ್ ದಾಸ್. ಹೌದು, ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವಾಗ ಟ್ರಾಫಿಕ್‌ನಲ್ಲಿ ನಾವೆಲ್ಲ ಕಾದು ನಿಂತ ಸುರಂಜನ್ ದಾಸ್ ರಸ್ತೆ ಅವರದೇ ಹೆಸರಿನದು.

ಮಾರುತ್‌ನ ಮೈ ಶಬ್ದದ ವೇಗ ಮೀರಲು ತಯಾರಾಗಿತ್ತು. ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ. ಟ್ಯಾಂಕ್ ನೆಚ್ಚಿಕೊಂಡಿದ್ದು ಆಫ್ಟರ್‌ಬರ್ನರ್ ಇರುವ ಆರ್ಫಿಯಸ್ 12 ಎಂಜಿನ್ನನ್ನು. ಅದರ ಅಭಿವೃದ್ಧಿ ನಿಂತುಹೋಯಿತು. ಉಳಿದದ್ದು ತಲಾ ಸುಮಾರು 2,200 ಕೆಜಿ ತಳ್ಳುಬಲದ ಆರ್ಫಿಯಸ್ 703. ಬೆಂಗಳೂರಿನದೇ ಜಿಟಿಆರ್‌ಇ ಸಂಸ್ಥೆ ಅದಕ್ಕೆ ಆಫ್ಟರ್‌ಬರ್ನರ್ ಜೋಡಿಸಲು ಹೆಣಗಿತು. ಆ ಮಾದರಿಯ ಮಾರುತ್ ಹಾರಿಸುವಾಗಲೇ, 1970ರ ಜನವರಿಯಲ್ಲಿ, ಟೇಕಾಫ್ ಆದ ಸ್ವಲ್ಪ ಹೊತ್ತಿಗೆ ಸುರಂಜನ್ ದಾಸ್ ತೀರಿಕೊಂಡರು.

ಈಗ ಒಂದು ಹೋಲಿಕೆ. ವಿಶಾಖಪಟ್ಟಣದಿಂದ ಬೆಂಗಳೂರಿಗೆ ನೀವು ಹತ್ತುವ ಎ320 ನಿಯೊ ವಿಮಾನದ ಲೀಪ್ ಎಂಜಿನ್ ಒಂದರ ತಳ್ಳುಬಲ ಸುಮಾರು 12,000 ಕೆಜಿ. ಆರ್ಫಿಯಸ್‌ನ ಐದು ಪಟ್ಟಿಗೂ ಹೆಚ್ಚು. ಆದರೂ ಅದು ಹೊರಡುವಾಗ ಪಕ್ಕದ ಸೀಟಿನವರ ಜೊತೆ ಮಾತಾಡಬಹುದು. ಕಾರಣ ಬೈಪಾಸ್: ಉರಿಯುವ ಗಾಳಿಯ ಒಂದು ಪಾಲಿಗೆ ಹನ್ನೊಂದು ಪಾಲು ಗಾಳಿ ಉರಿಯದೆ ಸುತ್ತಲಿಂದ ನಿಧಾನವಾಗಿ ಹೋಗುತ್ತದೆ. ಆರ್ಫಿಯಸ್‌ನಲ್ಲಿ ಆ ಬೈಪಾಸ್ ಸೊನ್ನೆ. ಬೀದರ್‌ನ ಸೂರ್ಯಕಿರಣ ತಂಡ 1996ರಿಂದ 2011ರವರೆಗೆ ಹಾರಿಸಿದ ಕಿರಣ್ ಮಾರ್ಕ್-2 ವಿಮಾನದಲ್ಲೂ ಇದೇ ಆರ್ಫಿಯಸ್ ಇತ್ತು. ಈಗಿನ ಹಾಕ್‌ನಲ್ಲಿರೋದು ಬೈಪಾಸ್ ಇರುವ ಅಡೋರ್ ಎಂಜಿನ್. ಹಿರಿಯರ ಮಾತು ಅರ್ಧ ನಿಜ ಅಂದದ್ದು ಇದಕ್ಕೇ.

ಇನ್ನರ್ಧ? ಫೈಟರ್‌ಗಳು ಮೆತ್ತಗಾಗಿಲ್ಲ. ವಿಶಾಖಪಟ್ಟಣದಿಂದ ಘಟ್ಟ ಹತ್ತಿದರೆ ಸಿಗುವ ಒಡಿಶಾದ ಸುನಾಬೆಡದಲ್ಲಿ ಎಚ್‌ಎಎಲ್ ಮಿಗ್-21ರ ಎಂಜಿನ್ ತಯಾರಿಸುತ್ತಿತ್ತು. ಆಫ್ಟರ್‌ಬರ್ನರ್ ಅಂದ್ರೆ ಹೊರಹೋಗುವ ಗಾಳಿಗೆ ಮತ್ತೆ ಇಂಧನ ಸುರಿದು ಹೊತ್ತಿಸೋದು. ಆಗ ಗಾಳಿ ಶಬ್ದದ ವೇಗವನ್ನೂ ಮೀರುತ್ತದೆ. ಅಲ್ಲಿಗೆ ಎಂಟನೇ ಘಾತದ ಸೂತ್ರ ಮುಗಿದು, ಬಟ್ಟೆ ಹರಿದಂಥ, ಪಟಾಕಿ ಸರ ಸಿಡಿದಂಥ ಇನ್ನೊಂದು ಸದ್ದು ಶುರುವಾಗುತ್ತದೆ. ಮಿಗ್-21 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿ ಆಯಿತು, ಆ ಸದ್ದು ಆಗಲಿಲ್ಲ. ತೇಜಸ್‌ನ ಎಂಜಿನ್‌ನಲ್ಲೂ ಬೈಪಾಸ್ ಸುಮಾರು 0.34 ಮಾತ್ರ. ತೆಳ್ಳಗಿನ ಮೈಯಲ್ಲಿ ದಪ್ಪ ಫ್ಯಾನ್ ಹಿಡಿಸೋಕೆ ಆಗಲ್ಲ, ಅದಕ್ಕೇ.

ಬೀಚ್ ರೋಡಿನ ಮೂಕ ಗಾಯಕರು

ಬ್ರಿಸ್ಟಲ್‌ನ ಮೂರನೇ ಹೆಸರು ಪೆಗಾಸಸ್. ಆರ್ಫಿಯಸ್‌ನ ಒಳಭಾಗವನ್ನು ಇಟ್ಟುಕೊಂಡೇ ಅದರ ಮೊದಲ ವಿನ್ಯಾಸ ಹುಟ್ಟಿತು. ನಮ್ಮ ನೌಕಾಪಡೆಯ ಸೀ ಹ್ಯಾರಿಯರ್ ನಿಂತಲ್ಲೇ ಮೇಲೇಳುತ್ತಿದ್ದದ್ದು ಇದರ ಬಲದಿಂದ. ಮುಂದೆ ಹಾರುವ ವಿಮಾನದಲ್ಲಿ ಹೊರಬಂದ ಗಾಳಿಗೂ ಸುತ್ತಲಿನ ಗಾಳಿಗೂ ವೇಗದ ಅಂತರ ಸ್ವಲ್ಪ ತಗ್ಗುತ್ತದೆ. ಹ್ಯಾರಿಯರ್ ಗಾಳಿಯಲ್ಲಿ ನಿಂತಾಗ ಆ ರಿಯಾಯಿತಿ ಇಲ್ಲ. ಪೂರ್ತಿ ಬಲ, ಪೂರ್ತಿ ಅಂತರ, ಮೇಲೆ ನೆಲದಿಂದ ಪ್ರತಿಧ್ವನಿ. 2016ರಲ್ಲಿ ಗೋವಾದಲ್ಲಿ ಸೇವೆ ಮುಗಿಸಿದ ಸೀ ಹ್ಯಾರಿಯರ್‌ಗಳಲ್ಲಿ ಒಂದು ಈಗ ವಿಶಾಖಪಟ್ಟಣದ ಬೀಚ್ ರೋಡಿನಲ್ಲಿ ಸುಮ್ಮನೆ ನಿಂತಿದೆ. ಬೆಂಗಳೂರಿನ ಆರ್ಫಿಯಸ್‌ನ ದಾಯಾದಿ ಅದು. ಮುಂದಿನ ಸಲ ಹೋದಾಗ ಮಾತಾಡಿಸಿ ಬನ್ನಿ.

ಕುರ್ಸುರಾ ಜಲಾಂತರ್ಗಾಮಿಯ ಎದುರಿನ ಟುಪೊಲೆವ್-142 ವಿಮಾನದ್ದು ಬೇರೆಯೇ ರಾಗ. 1988ರಲ್ಲಿ ಗೋವಾಕ್ಕೆ ಬಂದು, ಅರಕ್ಕೋಣಂನಲ್ಲಿ ದುಡಿದು, 2017ರ ಮಾರ್ಚ್‌ನಲ್ಲಿ ನಿವೃತ್ತಿಯಾದ ಬಳಗ. ಅದೇ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಈ ಮ್ಯೂಸಿಯಂ ಉದ್ಘಾಟಿಸಿದರು. ನಾಲ್ಕು ಎಂಜಿನ್, ಒಂದೊಂದಕ್ಕೂ ಸುಮಾರು 15,000 ಅಶ್ವಶಕ್ತಿ. ಪ್ರತಿ ಎಂಜಿನ್‌ಗೂ ಎದುರುಬದುರು ತಿರುಗುವ ಎರಡು ಪ್ರೊಪೆಲ್ಲರ್, ಒಟ್ಟು 32 ಅಲಗು. ಮುಂದಿನ ಅಲಗು ಸೀಳಿ ಕದಡಿದ ಗಾಳಿಯನ್ನು ಹಿಂದಿನ ಅಲಗು ಮತ್ತೆ ಕಡಿಯುತ್ತದೆ. ಎತ್ತರದಲ್ಲಿ ಜೋರಾಗಿ ಹಾರುವಾಗ ಅಲಗಿನ ತುದಿ ಶಬ್ದದ ವೇಗವನ್ನೇ ಮುಟ್ಟುತ್ತದೆ. ಜೆಟ್ ಅಲ್ಲದಿದ್ದರೂ ಜಗತ್ತಿನ ಅತಿ ಗದ್ದಲದ ವಿಮಾನಗಳ ಸಾಲಿನಲ್ಲಿ ಇದರ ವಂಶಕ್ಕೆ ಜಾಗ ಇದೆ.

ದೂರದ ಲೆಕ್ಕ, ಆಟೋನಗರ್ ಲೆಕ್ಕ

ಈಗ ನಮ್ಮ ಕಿವಿಗೆ ಬರೋಣ. ಬಯಲಿನಲ್ಲಿ ದೂರ ಎರಡು ಪಟ್ಟು ಆದಾಗೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಆಫ್ಟರ್‌ಬರ್ನರ್ ಹಾಕಿದ ಜೆಟ್‌ನಿಂದ 15 ಮೀಟರ್ ದೂರದಲ್ಲಿ 140 ಇದೆ ಅಂದುಕೊಳ್ಳಿ. 30 ಮೀಟರ್‌ಗೆ 134, 60ಕ್ಕೆ 128, 120ಕ್ಕೆ 122, 240ಕ್ಕೆ 116, 480 ಮೀಟರ್‌ಗೆ 110. ಅಮೆರಿಕದ ಏರ್ ಶೋಗಳಲ್ಲಿ ವೇಗದ ಜೆಟ್‌ಗಳು ಜನರಿಂದ 1,500 ಅಡಿ, ಅಂದರೆ ಸುಮಾರು 450 ಮೀಟರ್ ದೂರ ಇರಬೇಕು. ಚೂರುಗಳಿಗೆ ಹೆದರಿ ಇಟ್ಟ ದೂರ ಕಿವಿಗೂ ಆಸರೆ ಆಯಿತು ಅಂದದ್ದು ಇದನ್ನೇ.

110 ಅಂದ್ರೆ ಪರವಾಗಿಲ್ವಾ? ಅಮೆರಿಕದ ನಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಮೂರು ಡೆಸಿಬೆಲ್ ಏರಿದಾಗೆಲ್ಲ ಸಮಯ ಅರ್ಧ. 100ಕ್ಕೆ 15 ನಿಮಿಷ. 110ಕ್ಕೆ ಒಂದೂವರೆ ನಿಮಿಷ. 115ಕ್ಕೆ ಅರ್ಧ ನಿಮಿಷವೂ ಇಲ್ಲ. ಒಂದು ಸಲ ಹಾದುಹೋಗುವಾಗ ಜೋರು ಸದ್ದು ಆರು ಸೆಕೆಂಡ್ ಇದ್ದರೆ, ಹದಿನೈದು ಸುತ್ತಿಗೆ ಆ ದಿನದ ಕೋಟಾ ಖಾಲಿ. ಹೆಗಲ ಮೇಲೆ ಕೂತ ಮಗುವಿಗೂ ಅದೇ ಸದ್ದು. ಇನ್ನೊಂದು ವಿಷಯ: ವೇಗವಾಗಿ ಬರುವ ಜೆಟ್‌ನ ಸದ್ದು ತಡವಾಗಿ ತಲುಪುತ್ತದೆ, ಅದೂ ಹಿಂದಕ್ಕೆ ಓರೆಯಾಗಿ ಹೆಚ್ಚು ಹರಡುತ್ತದೆ. ವಿಮಾನ ದಾಟಿದ ಮೇಲೇ ಸದ್ದು ಬಡಿಯೋದು. ಕೈಯಿಂದ ಕಿವಿ ಮುಚ್ಚೋಣ ಅಂತ ಕಾದರೆ ತಡ ಆಗಿರುತ್ತೆ.

ಆದರೆ ನಾನು ಈ ವಿಷಯ ಎತ್ತಿಕೊಂಡ ನಿಜವಾದ ಕಾರಣ ಬೀಚ್ ಅಲ್ಲ, ಗಾಜುವಾಕದ ಆಟೋನಗರ್. ನೌಕಾಪಡೆಯ ಡೇಗಾ ರನ್‌ವೇ ಇರುವುದು ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ. ಕಾರಿನ ಡೋರ್ ಸರಿಮಾಡಿಸೋಕೆ ಹೋದವರಿಗೆ ಗೊತ್ತು: ತಗಡಿನ ಮೇಲೆ ಸುತ್ತಿಗೆ, ಪಕ್ಕದಲ್ಲಿ ಗ್ರೈಂಡರ್, ಆಚೆ ಲಾರಿ ಬಾಡಿಗೆ ರಿವೆಟ್. ವಿಜಯವಾಡದ ಆಟೋನಗರ್‌ನಲ್ಲೂ ಇದೇ ಪಾಡು. ಜೆಟ್ ಹೋದಾಗ ಎಲ್ಲರೂ ತಲೆ ಎತ್ತಿ ನೋಡ್ತಾರೆ. ಆದರೆ ಕಿವಿ ತಿನ್ನುತ್ತಿರೋದು ಕೈಯಲ್ಲಿರೋ ಸುತ್ತಿಗೆ. ಟಿಂಕರಿಂಗ್ ಶೆಡ್‌ನಲ್ಲಿ 97 ಡೆಸಿಬೆಲ್ ಇದೆ ಅಂದುಕೊಳ್ಳಿ. ನಯೋಶ್ ಲೆಕ್ಕದಲ್ಲಿ ಅರ್ಧ ಗಂಟೆ ಸಾಕು, ಅವರು ಕೆಲಸ ಮಾಡೋದು 8 ಗಂಟೆ. ದಿನಕ್ಕೆ ಹದಿನಾರು ದಿನದ ಪಾಲು.

ನಮ್ಮ ಹಿಂದಿನ ಕಾರ್ಖಾನೆ ಕಾಯ್ದೆಯಡಿಯ ಮಾದರಿ ನಿಯಮ ಇನ್ನೂ ಉದಾರವಾಗಿತ್ತು: 90 ಡೆಸಿಬೆಲ್‌ಗೆ 8 ಗಂಟೆ, 115ಕ್ಕೆ 15 ನಿಮಿಷ. ಅದೂ 'ಕಾರ್ಖಾನೆ' ಅನ್ನಿಸಿಕೊಂಡರೆ. 1948ರ ಆ ಕಾಯ್ದೆಯಲ್ಲಿ ವಿದ್ಯುತ್ ಬಳಸಿ ಹತ್ತು ಜನವಾದರೂ ಕೆಲಸ ಮಾಡಬೇಕಿತ್ತು. ಮೂರು ಜನರ ಶೆಡ್ಡಿಗೆ ಆ ನಿಯಮವೇ ಇರಲಿಲ್ಲ. ಈ ಬಗೆಯ ಕಿವುಡು ಮೊದಲು ತಿನ್ನೋದು 4,000 ಹರ್ಟ್ಸ್ ಆಸುಪಾಸಿನ ಕಂಪನಗಳನ್ನು. 'ಸ', 'ಶ', 'ತ' ಥರದ ಅಕ್ಷರಗಳು ಮಸುಕಾಗುತ್ತವೆ. ಅದಕ್ಕೇ ಹಳೇ ಮೇಸ್ತ್ರಿಗಳು "ಏಂಟಿ?" ಅಂತ ಎರಡು ಸಲ ಕೇಳ್ತಾರೆ. ಅದು ಗತ್ತು ಅಲ್ಲ, ಸವೆದ ಕಿವಿ. ಒಳಗಿವಿಯ ಕೂದಲು ಕೋಶ ಸತ್ತರೆ ಮತ್ತೆ ಹುಟ್ಟಲ್ಲ.

ಏರ್ ಶೋಗೆ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ನಾನೂ ಹೋಗ್ತೀನಿ. ಫೋಮ್ ಇಯರ್‌ಪ್ಲಗ್ ಸುರುಳಿ ಮಾಡಿ, ಕಿವಿ ಮೇಲಕ್ಕೆ ಎಳೆದು ಸರಿಯಾಗಿ ಇಟ್ಟರೆ 20 ಡೆಸಿಬೆಲ್‌ನಷ್ಟು ತಗ್ಗುತ್ತದೆ. ಹತ್ತಿ ನೆಚ್ಚಬೇಡಿ. ಚಿಕ್ಕ ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿ. ಎದೆ ಆಗಲೂ ನಡುಗುತ್ತೆ, ತಳದ ಗುಡುಗು ಮೈಗೆ ಹೇಗೂ ತಲುಪುತ್ತೆ.

ಆಟೋನಗರ್‌ಗೆ ಹೋಗುವ ದಿನ ಜೇಬಿನಲ್ಲಿ ನಾಲ್ಕು ಜೊತೆ ಜಾಸ್ತಿ ಇಟ್ಟುಕೊಳ್ಳಿ. ಕಾರು ಬಿಟ್ಟು ಬರುವಾಗ ಸುತ್ತಿಗೆ ಹಿಡಿದ ಹುಡುಗನಿಗೆ ಕೊಟ್ಟು, ಹಾಕೋದು ಹೇಗೆ ಅಂತ ತೋರಿಸಿ ಬನ್ನಿ.