ಮೂಗಿನ ದುರ್ಮಾಂಸ: ಸ್ಪಂಜಿನಿಂದ ಬೆವರಿನ ಪರೀಕ್ಷೆಯವರೆಗೆ

"ಮಗೂಗೆ ಮೂಗಲ್ಲಿ ದುರ್ಮಾಂಸ ಬೆಳೆದಿದೆಯಂತೆ." ಈ ಮಾತು ಕೇಳದ ಮನೆ ನಮ್ಮ ಕಡೆ ಅಪರೂಪ. ಮಗು ಬಾಯಿ ಬಿಟ್ಕೊಂಡು ಮಲಗಿದರೆ ದುರ್ಮಾಂಸ, ಗೊರಕೆ ಹೊಡೆದರೆ ದುರ್ಮಾಂಸ, ವರ್ಷವಿಡೀ ನೆಗಡಿ ಇದ್ದರೂ ದುರ್ಮಾಂಸ. ಊರಿನ ಗೋಡೆಗಳ ಮೇಲೆ "ಆಪರೇಷನ್ ಇಲ್ಲದೆ ದುರ್ಮಾಂಸ ಗುಣ" ಅನ್ನೋ ಬರಹ ಬೇರೆ! ಆದರೆ ವೈದ್ಯರು ಪಾಲಿಪ್ ಎಂದು ಕರೆಯುವ ನಿಜವಾದ ದುರ್ಮಾಂಸ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಬಹಳ ಅಪರೂಪ. ಹಾಗಾದರೆ ಉಳಿದವರ ಮೂಗಲ್ಲಿ ಇರೋದೇನು? ಅಪರೂಪಕ್ಕೆ ಒಂದು ಮಗುವಿಗೆ ನಿಜವಾಗಿಯೂ ಪಾಲಿಪ್ ಬಂದರೆ ಅದರ ಅರ್ಥವೇನು? ಈ ಎರಡು ಪ್ರಶ್ನೆಗೆ ಉತ್ತರ ಸಿಗಲು ಮನುಷ್ಯನಿಗೆ ಸುಮಾರು ಎರಡೂವರೆ ಸಾವಿರ ವರ್ಷ ಬೇಕಾಯಿತು. ಆ ಕಥೆ ಸ್ವಲ್ಪ ಉದ್ದ, ಆದರೆ ಸ್ವಾರಸ್ಯವಾಗಿದೆ. ಬನ್ನಿ.

ಎಳೆದು ತೆಗೆಯುವ ಕಾಲ

ಮೊದಲು ಹೆಸರಿನ ವಿಷಯ. ಪಾಲಿಪ್ ಅನ್ನುವುದು ಗ್ರೀಕ್ ಮೂಲದ ಪದ, 'ಹಲವು ಕಾಲುಳ್ಳದ್ದು' ಎಂದರ್ಥ. ಸಮುದ್ರದ ಅಷ್ಟಪದಿಯ ಹಾಗೆ ಮೂಗಿನೊಳಗೆ ಹಿಡಿದುಕೊಂಡು ಕೂತಿರುತ್ತದೆ ಅಂತ ಆ ಹೆಸರು. ಹಿಪ್ಪಾಕ್ರಟಿಸನ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಇದರ ಐದು ಬಗೆಗಳನ್ನು ಹೇಳಿ, ಒಂದೊಂದಕ್ಕೂ ಚಿಕಿತ್ಸೆ ಬರೆದಿದ್ದಾರೆ. ಮೆತ್ತಗಿನದಕ್ಕೆ ಹೇಳಿದ ಉಪಾಯ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಒಂದು ಸ್ಪಂಜಿನ ತುಂಡಿಗೆ ದಾರ ಕಟ್ಟಿ, ದಾರವನ್ನು ಮೂಗಿನಿಂದ ಹಾಯಿಸಿ ಗಂಟಲ ಮೂಲಕ ಬಾಯಿಗೆ ತಂದು, ಅಲ್ಲಿಂದ ಜಗ್ಗುವುದು! ಸ್ಪಂಜು ಬರುವಾಗ ದುರ್ಮಾಂಸವನ್ನೂ ಕಿತ್ತುಕೊಂಡು ಬರಬೇಕು. ಗಟ್ಟಿಯಾದದ್ದಕ್ಕೆ ಕುಣಿಕೆ, ಇಲ್ಲವೇ ಕಾಯಿಸಿದ ಕಬ್ಬಿಣ. ಅರಿವಳಿಕೆ ಎಂಬುದು ಆಗ ಎಲ್ಲಿತ್ತು?

ನಮ್ಮ ಸುಶ್ರುತ ಸಂಹಿತೆಯಲ್ಲೂ ಈ ಕಾಯಿಲೆ ಇದೆ. ಹೆಸರು ನಾಸಾರ್ಶ, ಅಂದರೆ ಮೂಗಿನ ಮೂಲವ್ಯಾಧಿ ಅನ್ನಬಹುದು. ನಗಬೇಡಿ, ಎರಡೂ ಕಡೆ ಮಾಂಸದ ಮೊಳಕೆಯೇ ತಾನೆ ಕಾಣುವುದು! ಅಲ್ಲಿ ಕೊಟ್ಟಿರುವ ಲಕ್ಷಣಗಳು ನೋಡಿ: ಬಿಡದ ನೆಗಡಿ, ವಿಪರೀತ ಸೀನು, ಉಸಿರಾಟಕ್ಕೆ ಕಷ್ಟ, ಮೂಗಿನಿಂದ ದುರ್ವಾಸನೆ, ಗೊಣಗಿದಂತೆ ಮೂಗಲ್ಲಿ ಮಾತು, ತಲೆನೋವು. ಇವತ್ತಿನ ಇ.ಎನ್.ಟಿ. ವೈದ್ಯರ ಚೀಟಿಯಲ್ಲೂ ಹೆಚ್ಚುಕಮ್ಮಿ ಇದೇ ಪಟ್ಟಿ ಇರುತ್ತದೆ. ಅರ್ಶಕ್ಕೆ ಹೇಳಿದ ಉಪಾಯ ನಾಲ್ಕು - ಔಷಧ, ಕ್ಷಾರ, ಅಗ್ನಿ, ಶಸ್ತ್ರ. ವಾಗ್ಭಟನಂತೂ ಮೂಗಿನೊಳಗೆ ಇಡಲು ಎರಡು ಅಂಗುಲ ಉದ್ದದ, ತೋರುಬೆರಳಿನ ಗಾತ್ರದ ಕೊಳವೆಯನ್ನೂ ವಿವರಿಸಿದ್ದಾನೆ.

ಇದಾದ ಮೇಲೆ ಸಾವಿರಾರು ವರ್ಷ ಬದಲಾದದ್ದು ಎಳೆಯುವ ಸಾಧನ ಮಾತ್ರ. 7ನೇ ಶತಮಾನದ ಪೌಲ್ ಎಂಬ ಗ್ರೀಕ್ ವೈದ್ಯ ಗಂಟು ಹಾಕಿದ ದಾರವನ್ನು ಮೂಗಿನಿಂದ ಬಾಯಿಗೆ ಹಾಯಿಸಿ ಗರಗಸದ ಹಾಗೆ ಆಡಿಸುತ್ತಿದ್ದ. 16ನೇ ಶತಮಾನದಲ್ಲಿ ಇಟಲಿಯ ಫಲೋಪಿಯೊ ಬೆಳ್ಳಿಯ ಕೊಳವೆಯಲ್ಲಿ ವಾದ್ಯದ ತಂತಿ ತೂರಿಸಿ ಕುಣಿಕೆ ಮಾಡಿದ. ಹೌದು, ಗರ್ಭನಾಳಕ್ಕೆ ಯಾರ ಹೆಸರಿದೆಯೋ ಅದೇ ಫಲೋಪಿಯೊ!

ಇವರೆಲ್ಲರ ತೊಂದರೆ ಒಂದೇ. ಮೂಗಿನ ಒಳಗೆ ಕತ್ತಲೆ. ಹೊಳ್ಳೆಯ ಬಾಗಿಲಲ್ಲಿ ಕಂಡದ್ದನ್ನು ಎಳೆಯುತ್ತಿದ್ದರು, ಅದು ಎಲ್ಲಿಂದ ಬಂತು ಅನ್ನುವುದು ಕಾಣುತ್ತಿರಲಿಲ್ಲ. ಬೇರು ಒಳಗೇ ಉಳಿದರೆ ಮತ್ತೆ ಬೆಳೆಯದೆ ಇನ್ನೇನು?

ಬೆಳಕು ಬಂತು

ಅದೇ ಶತಮಾನದಲ್ಲಿ ಬೊಲೊನ್ಯಾದ ಅರಾಂಜಿ ಕಿಟಕಿಯ ಸಣ್ಣ ರಂಧ್ರದಿಂದ ಬಿಸಿಲ ಕೋಲನ್ನು ಮೂಗಿಗೆ ಬಿಟ್ಟು ನೋಡಿದ. 1806ರಲ್ಲಿ ಫ್ರಾಂಕ್‌ಫರ್ಟಿನ ಬೊಜ್ಜಿನಿ ಮೇಣದಬತ್ತಿಯ ಬೆಳಕನ್ನು ದೇಹದ ಒಳಗೆ ಒಯ್ಯುವ ಒಂದು ಸಾಧನ ಮಾಡಿದ. 19ನೇ ಶತಮಾನದ ನಡುವೆ ತೂತಿರುವ ಕನ್ನಡಿ ವೈದ್ಯರ ಹಣೆಗೆ ಬಂತು (ಹಳೆಯ ಸಿನಿಮಾ ಡಾಕ್ಟರುಗಳ ಹಣೆಯಲ್ಲಿ ನೋಡಿರುತ್ತೀರಿ). 1858ರ ಹೊತ್ತಿಗೆ ಚೆರ್ಮಾಕ್ ಎಂಬಾತ ಗಂಟಲಲ್ಲಿ ಪುಟ್ಟ ಕನ್ನಡಿ ಇಟ್ಟು ಮೂಗಿನ ಹಿಂಬಾಗಿಲನ್ನು ನೋಡಿದ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿಗಳಿಂದ ಕಣ್ಣು ಮರಗಟ್ಟುವುದನ್ನು ತೋರಿಸಿದ. ಸ್ವಲ್ಪದರಲ್ಲೇ ಮೂಗಿನ ವೈದ್ಯರೂ ಅದನ್ನು ಬಳಸತೊಡಗಿದರು. ರೋಗಿಯನ್ನು ನಾಲ್ಕು ಜನ ಹಿಡಿದುಕೊಳ್ಳುವ ಕಾಲ ಮುಗಿಯುತ್ತಾ ಬಂತು.

ಮಕ್ಕಳ ಮಟ್ಟಿಗೆ ದೊಡ್ಡ ತಿರುವು ಬಂದದ್ದು 1868ರಲ್ಲಿ. ಕೋಪನ್‌ಹೇಗನ್ನಿನ ವೈದ್ಯ ವಿಲ್ಹೆಲ್ಮ್ ಮೇಯರ್ ಬಳಿಗೆ ಕಿವಿ ಮಂದವಾಗಿದ್ದ, ಮೂಗು ಕಟ್ಟಿದ್ದ ಒಬ್ಬ ಯುವತಿ ಬಂದಳು. ಆತ ಅಂಗುಳಿನ ಹಿಂದೆ ಬೆರಳು ಹಾಕಿ ನೋಡಿದಾಗ ಮೆತ್ತಗಿನ ಗಡ್ಡೆ ಸಿಕ್ಕಿತು. ಆಮೇಲೆ ಶಾಲಾ ಮಕ್ಕಳನ್ನು ಪರೀಕ್ಷಿಸಿದರೆ ಅವರಲ್ಲೂ ಅದೇ. ಬಾಯಿ ಬಿಟ್ಟ ಮುಖ, ಗೊರಕೆ, ಕಿವಿ ಕೇಳದೆ 'ದಡ್ಡ' ಅನ್ನಿಸಿಕೊಳ್ಳುವ ಮಕ್ಕಳು... ಇದಕ್ಕೆ ಕಾರಣ ಪಾಲಿಪ್ ಅಲ್ಲ, ಮೂಗಿನ ಹಿಂದೆ ಎಲ್ಲ ಮಕ್ಕಳಲ್ಲೂ ಇರುವ ಅಡಿನಾಯ್ಡ್ ಗ್ರಂಥಿ ಊದಿಕೊಳ್ಳುವುದು ಎಂದು ಗೊತ್ತಾಯಿತು. ಮೇಯರ್ ಉಂಗುರದಂಥ ಚಾಕುವಿನಿಂದ ಅದನ್ನು ಹೆರೆದು ತೆಗೆದ. ಆತನ ನೆನಪಿಗೆ 1898ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸ್ಮಾರಕವನ್ನೇ ನಿಲ್ಲಿಸಿದರು. ಎಷ್ಟು ಮಕ್ಕಳ 'ದಡ್ಡತನ' ಹೋಗಿರಬೇಕು ಲೆಕ್ಕ ಹಾಕಿ!

ನಮ್ಮ ಮನೆಗಳಲ್ಲಿ ದುರ್ಮಾಂಸ ಎಂದು ಕರೆಸಿಕೊಳ್ಳುವ ಬಹುಪಾಲು ಇದೇ ಅಡಿನಾಯ್ಡ್. ಇನ್ನೊಂದು ಪಾಲು ಅಲರ್ಜಿಯಿಂದ ಊದಿದ ಟರ್ಬಿನೇಟ್, ಅಂದರೆ ಮೂಗಿನ ಪಕ್ಕದ ಗೋಡೆಯಲ್ಲಿ ಎಲ್ಲರಿಗೂ ಹುಟ್ಟಿನಿಂದಲೇ ಇರುವ ಏಣು. ಟಾರ್ಚ್ ಹಾಕಿ ಇಣುಕಿದರೆ ಮಾಂಸದ ಮುದ್ದೆಯಂತೆ ಕಾಣುತ್ತದೆ. ಅದು ಗುಲಾಬಿ ಬಣ್ಣದ್ದು, ಮುಟ್ಟಿದರೆ ನೋವು. ನಿಜವಾದ ಪಾಲಿಪ್ ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಬಿಳಿಚಿಕೊಂಡು ಹೊಳೆಯುತ್ತದೆ, ಮುಟ್ಟಿದರೆ ಅಷ್ಟಾಗಿ ತಿಳಿಯುವುದಿಲ್ಲ. ಇಷ್ಟು ವ್ಯತ್ಯಾಸ ಗೊತ್ತಿಲ್ಲದೆ ಗೋಡೆ ಬರಹದವರ ಹತ್ತಿರ ಹೋಗಿ, ಮಗುವಿನ ಆರೋಗ್ಯವಾದ ಭಾಗವನ್ನೇ ಸುಡಿಸಿಕೊಂಡು ಬರುವುದು ಎಂಥ ಅನ್ಯಾಯ ಅಲ್ವಾ?

ಎಲ್ಲಿಂದ ಬಂತು?

ಜರ್ಮನಿಯ ಗುಸ್ಟಾವ್ ಕಿಲಿಯನ್ 1906ರಲ್ಲಿ ಒಂದು ಹಳೆಯ ಒಗಟು ಬಿಡಿಸಿದ. (1897ರಲ್ಲಿ ರೈತನೊಬ್ಬನ ಶ್ವಾಸನಾಳದಿಂದ ಮೂಳೆ ಚೂರು ತೆಗೆದು ಪ್ರಸಿದ್ಧನಾದವನೂ ಇವನೇ.) ಕೆಲವು ಮಕ್ಕಳಲ್ಲಿ, ಹದಿಹರೆಯದವರಲ್ಲಿ ಒಂದೇ ಹೊಳ್ಳೆಯಲ್ಲಿ ಒಂದೇ ದೊಡ್ಡ ಪಾಲಿಪ್ ಬೆಳೆದು ಹಿಂದಕ್ಕೆ ಗಂಟಲಿಗೆ ಇಳಿಯುತ್ತದೆ. ಅದು ಮೂಗಿನಲ್ಲಿ ಹುಟ್ಟಿದ್ದಲ್ಲ, ಕೆನ್ನೆಯ ಮೂಳೆಯೊಳಗಿನ ಸೈನಸ್ಸಿನಲ್ಲಿ ಹುಟ್ಟಿ ಸಣ್ಣ ಕಿಂಡಿಯಿಂದ ಹೊರಬಂದದ್ದು ಎಂದು ಆತ ತೋರಿಸಿದ. ಸ್ಪಂಜಿನ ಕಾಲದಿಂದ ಎಳೆದದ್ದೆಲ್ಲ ಮತ್ತೆ ಯಾಕೆ ಬೆಳೆಯುತ್ತಿತ್ತು ಎಂಬುದಕ್ಕೆ ಇದೂ ಒಂದು ಕಾರಣ. ಬೇರು ಪಕ್ಕದ ಕೋಣೆಯಲ್ಲಿತ್ತು!

ಆಗ ಆ ಕೋಣೆಗೆ ಹೋಗಲು ಇದ್ದ ದಾರಿ ಕಾಲ್ಡ್‌ವೆಲ್ (1893) ಮತ್ತು ಲುಕ್ (1897) ತೋರಿಸಿದ್ದು, ಮೇಲ್ತುಟಿಯ ಕೆಳಗೆ ಕೊಯ್ದು ಮೂಳೆಯಲ್ಲಿ ಕಿಂಡಿ ತೆಗೆಯುವುದು. ಆದರೆ ಮಕ್ಕಳ ಆ ಮೂಳೆಯಲ್ಲಿ ಇನ್ನೂ ಹುಟ್ಟದ ಹಲ್ಲಿನ ಮೊಗ್ಗುಗಳಿರುತ್ತವೆ, ಅವಕ್ಕೆ ಪೆಟ್ಟಾಗುವ ಭಯ.

ಇತ್ತ ನಮ್ಮ ಭಾಗದ್ದೇ ಆದ ಇನ್ನೊಂದು ಸಂಗತಿ. 1900ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸೀಬರ್, 1903ರಲ್ಲಿ ಕಲ್ಕತ್ತಾದಲ್ಲಿ ಓಕಿನೀಲಿ ಎಂಬವರು ಮೂಗಿನ ವಿಚಿತ್ರ ಗಡ್ಡೆಯೊಂದನ್ನು ವರ್ಣಿಸಿದರು. ಕೆಂಪಗೆ, ಮೇಲೆ ಬಿಳಿ ಚುಕ್ಕಿ, ಥೇಟ್ ಸ್ಟ್ರಾಬೆರಿ. ಮುಟ್ಟಿದರೆ ರಕ್ತ. ಇದು ರೈನೋಸ್ಪೊರಿಡಿಯೋಸಿಸ್. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಹೆಚ್ಚು. ಕೆರೆ-ಹೊಂಡಗಳ ನಿಂತ ನೀರಲ್ಲಿ ಮುಳುಗಿ ಈಜುವವರಲ್ಲಿ ಕಾಣುತ್ತದೆ, ಹುಡುಗರೂ ಇದಕ್ಕೆ ಹೊರತಲ್ಲ. ಬಹುಕಾಲ ಶಿಲೀಂಧ್ರ ಎಂದುಕೊಂಡಿದ್ದರು. 1990ರ ದಶಕದ ಕೊನೆಯಲ್ಲಿ ಡಿಎನ್‌ಎ ನೋಡಿದಾಗ ಅದು ಶಿಲೀಂಧ್ರವಲ್ಲ, ಮೀನುಗಳಿಗೆ ರೋಗ ತರುವ ಸೂಕ್ಷ್ಮಜೀವಿಗಳ ಬಳಗಕ್ಕೆ ಸೇರಿದ್ದು ಎಂದು ತಿಳಿಯಿತು. ಇದನ್ನು ಕೊಯ್ದು ಬುಡವನ್ನು ಸುಡಬೇಕು, ಇಲ್ಲದಿದ್ದರೆ ಮರುಕಳಿಸುತ್ತದೆ.

ಉಪ್ಪು ಬೆವರಿನ ಮಕ್ಕಳು

ಈಗ ಕಥೆಯ ಮುಖ್ಯ ಭಾಗ. ಮುತ್ತಿಟ್ಟರೆ ಉಪ್ಪು ರುಚಿ ಬರುವ ಮಗು ಹೆಚ್ಚು ದಿನ ಬದುಕುವುದಿಲ್ಲ ಎಂಬ ನಂಬಿಕೆ ಯೂರೋಪಿನ ಹಳ್ಳಿಗಳಲ್ಲಿತ್ತು. 1938ರಲ್ಲಿ ನ್ಯೂಯಾರ್ಕಿನ ಡಾ. ಡೊರೋತಿ ಆಂಡರ್ಸನ್ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಯನ್ನು ವಿವರವಾಗಿ ಗುರುತಿಸಿದರು. ಮೇದೋಜೀರಕ ಗ್ರಂಥಿ ಕೆಡುತ್ತದೆ, ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿಗೆ ಬಿಸಿಗಾಳಿ ಬಡಿದಾಗ ಇಂಥ ಮಕ್ಕಳು ಉಪ್ಪಿನಂಶ ಕಳೆದುಕೊಂಡು ಕುಸಿದು ಬಿದ್ದರು. ಇದನ್ನು ಬೆನ್ನು ಹತ್ತಿದ ಡಿ ಸ್ಯಾಂಟ್ ಆಗ್ನೀಸ್, ಇವರ ಬೆವರಿನಲ್ಲಿ ಉಪ್ಪು ಬಹಳ ಜಾಸ್ತಿ ಎಂದು 1953ರಲ್ಲಿ ಪ್ರಕಟಿಸಿದರು. 1959ರಲ್ಲಿ ಗಿಬ್ಸನ್ ಮತ್ತು ಕುಕ್ ಸುಲಭವಾದ ಬೆವರಿನ ಪರೀಕ್ಷೆ ರೂಪಿಸಿದರು. ಹಳ್ಳಿಯ ಅಜ್ಜಿಯರ ಮಾತಿನಲ್ಲಿ ಸತ್ಯವಿತ್ತು.

ಮೂಗಿಗೂ ಇದಕ್ಕೂ ಏನು ಸಂಬಂಧ ಅಂತೀರಾ? 1959ರಿಂದ 1962ರ ನಡುವೆ ಅಮೆರಿಕದ ವೈದ್ಯರು ಈ ಮಕ್ಕಳ ಮೂಗಿನಲ್ಲಿ ಪಾಲಿಪ್ ಮತ್ತೆ ಮತ್ತೆ ಸಿಗುತ್ತಿದೆ ಎಂದು ಬರೆದರು. ಅಲ್ಲಿಂದ ಪ್ರಶ್ನೆ ತಿರುಗಿತು. ಎರಡೂ ಹೊಳ್ಳೆಯಲ್ಲಿ ಪಾಲಿಪ್ ಇರುವ ಚಿಕ್ಕ ಮಗು ಬಂದರೆ 'ಹೇಗೆ ಕೀಳಲಿ' ಎಂದಲ್ಲ, 'ಬೆವರು ಪರೀಕ್ಷೆ ಆಗಿದೆಯಾ' ಎಂದು ಕೇಳಬೇಕು. 1989ರಲ್ಲಿ ಈ ಕಾಯಿಲೆಯ ಜೀನ್ ಸಿಕ್ಕಿತು. 2019ರಲ್ಲಿ ಅಮೆರಿಕದಲ್ಲಿ ಮೂರು ಔಷಧ ಸೇರಿದ ಮಾತ್ರೆಗೆ ಒಪ್ಪಿಗೆ ಸಿಕ್ಕಿ ಅಂಥ ರೋಗಿಗಳ ಬದುಕೇ ಬದಲಾಯಿತು. ಬೆಲೆ ಮಾತ್ರ ಕೇಳಬೇಡಿ. ಇದು ಬಿಳಿಯರ ಕಾಯಿಲೆ, ನಮ್ಮಲ್ಲಿಲ್ಲ ಎಂದು ಬಹಳ ಕಾಲ ನಂಬಲಾಗಿತ್ತು. ಅದು ತಪ್ಪು. ಭಾರತದ ಮಕ್ಕಳಲ್ಲೂ ಇದೆ, ನ್ಯುಮೋನಿಯಾ, ಟಿಬಿ, ಅಪೌಷ್ಟಿಕತೆ ಎಂಬ ಹೆಸರುಗಳ ಹಿಂದೆ ಅಡಗಿಕೊಂಡಿರುತ್ತದೆ.

ಇದೇ ಸಾಲಿನ ಇನ್ನೊಂದು ಕಾಯಿಲೆಯನ್ನು 1933ರಲ್ಲಿ ಜ್ಯೂರಿಕ್ಕಿನ ಕಾರ್ಟಗೆನರ್ ವಿವರಿಸಿದ. ಹೃದಯ ಬಲಗಡೆ, ಸದಾ ಸೈನಸ್ ಸೋಂಕು, ಶ್ವಾಸಕೋಶದ ತೊಂದರೆ. 1976ರಲ್ಲಿ ಸ್ವೀಡನ್ನಿನ ಅಫ್ಜೀಲಿಯಸ್ ಕಾರಣ ಹೇಳಿದ: ಕಫವನ್ನು ಗುಡಿಸುವ ಸೂಕ್ಷ್ಮ ರೋಮಗಳೇ ಇವರಲ್ಲಿ ಅಲುಗಾಡುವುದಿಲ್ಲ!

ಈಗಿನ ದಾರಿ

ಚಿಕಿತ್ಸೆಯೂ ಮೃದುವಾಯಿತು. 1973ರಲ್ಲಿ ಡೆನ್ಮಾರ್ಕಿನ ಮಿಗಿಂಡ್ ಅಲರ್ಜಿ ನೆಗಡಿಗೆ ಸ್ಟೀರಾಯ್ಡನ್ನು ಮೂಗಿನ ಸ್ಪ್ರೇಯಾಗಿ ಬಳಸಿ ತೋರಿಸಿದ. ಪಾಲಿಪ್‌ಗೂ ಅದು ಮೊದಲ ಮದ್ದಾಯಿತು, ಜೊತೆಗೆ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಹಾಪ್ಕಿನ್ಸನ ಗಾಜಿನ ಕಡ್ಡಿಗಳ ದೂರ್ಬೀನು 1960ರ ದಶಕದಲ್ಲಿ ಬಂತು, ಗ್ರಾಜ್ ನಗರದ ಮೆಸರ್‌ಕ್ಲಿಂಗರ್ ಅದನ್ನು ಹಿಡಿದು ಸೈನಸ್ಸಿನ ಕಿಂಡಿಗಳನ್ನು ಅಭ್ಯಾಸ ಮಾಡಿದ. 1980ರ ದಶಕದಿಂದ ಹೊರಗೆ ಕೊಯ್ಯದೆ, ಹೊಳ್ಳೆಯ ಮೂಲಕವೇ ಶಸ್ತ್ರಚಿಕಿತ್ಸೆ ಹರಡಿತು. ಕಿಲಿಯನ್ ಹೇಳಿದ ಬೇರನ್ನೂ ಈಗ ಅದೇ ದಾರಿಯಿಂದ ತೆಗೆಯುತ್ತಾರೆ. ತೀವ್ರ ಪಾಲಿಪ್‌ಗೆ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದಿಗೆ 2019ರಲ್ಲಿ ದೊಡ್ಡವರಿಗೆ, 2024ರಲ್ಲಿ 12 ವರ್ಷ ಮೇಲ್ಪಟ್ಟವರಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ.

ಇಷ್ಟೆಲ್ಲಾ ಇತಿಹಾಸ ಓದಿದ ಮೇಲೆ ಅಪ್ಪ ಅಮ್ಮಂದಿರು ನೆನಪಿಡಬೇಕಾದ್ದು ಕೆಲವೇ ಮಾತು:

- ಒಂದೇ ಹೊಳ್ಳೆ, ಕೆಟ್ಟ ವಾಸನೆಯ ಸಿಂಬಳ, ಚಿಕ್ಕ ಮಗು: ಮೊದಲು ಹುಣಸೆ ಬೀಜವೋ ಬಟಾಣಿಯೋ ಸಿಕ್ಕಿಕೊಂಡಿದೆಯಾ ನೋಡಿಸಿ. ಬಟನ್ ಬ್ಯಾಟರಿಯಾದರೆ ಒಂದು ಗಂಟೆಯೂ ತಡ ಮಾಡಬೇಡಿ.
- ಹುಟ್ಟಿದಾಗಿನಿಂದ ಇರುವ, ಅತ್ತಾಗ ಉಬ್ಬುವ ಗಡ್ಡೆ: ಅದು ತಲೆಬುರುಡೆಯ ತೂತಿನಿಂದ ಇಳಿದ ಮೆದುಳಿನ ಭಾಗವಿರಬಹುದು. ಚುಚ್ಚಿದರೆ ಮೆದುಳಿನ ನೀರು ಸೋರಿ ಪ್ರಾಣಕ್ಕೇ ಅಪಾಯ. ಮೊದಲು ಸ್ಕ್ಯಾನ್ ಆಗಲೇಬೇಕು.
- ಹದಿಹರೆಯದ ಹುಡುಗ, ಮೂಗು ಕಟ್ಟುವುದು, ಮತ್ತೆ ಮತ್ತೆ ರಕ್ತ: ರಕ್ತನಾಳಗಳ ಗಡ್ಡೆಯಿರಬಹುದು. ಇಲ್ಲೂ ಸ್ಕ್ಯಾನ್ ಆಗದೆ ಯಾರೂ ಚೂರು ಕತ್ತರಿಸಬಾರದು.
- ಎರಡೂ ಕಡೆ ನಿಜವಾದ ಪಾಲಿಪ್, ಜೊತೆಗೆ ಬಿಡದ ಕೆಮ್ಮು, ತೂಕ ಏರದಿರುವುದು: ಬೆವರು ಪರೀಕ್ಷೆಯ ಬಗ್ಗೆ ನೀವೇ ಕೇಳಿ.

ಗೋಡೆ ಬರಹದವರು ಕೊಡುವ ಸುಡುವ ಮದ್ದಿಗೆ ಇವುಗಳಲ್ಲಿ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಎರಡು ಅಂಗುಲದ ಆ ಗುಹೆಯ ಮೇಲ್ಛಾವಣಿ ತೆಳ್ಳಗಿನ ಮೂಳೆ, ಅದರಾಚೆ ಮಗುವಿನ ಮೆದುಳು. ಒಬ್ಬ ಇ.ಎನ್.ಟಿ. ವೈದ್ಯರು ದುರ್ಬೀನು ಹಾಕಿ ಐದು ನಿಮಿಷ ನೋಡಲಿ, ಹೆಸರು ಇಡುವುದು ಆಮೇಲೆ.

ಅಂದ ಹಾಗೆ, ನಿಮ್ಮ ಊರ ಕಡೆ ಇದಕ್ಕೆ ದುರ್ಮಾಂಸ ಅಂತಲೇ ಹೇಳ್ತಾರಾ, ಬೇರೆ ಹೆಸರಿದೆಯಾ? ಗೊತ್ತಿದ್ದವರು ತಿಳಿಸಿ.